ಮೊಲದ ದವಡೆಹಲ್ಲು ಮತ್ತು ಕೇಸ್ ಪೇಪರಿನ ನಾಲ್ಕನೇ ಸಾಲು

ಸರಸ್ವತಿ ನಗರ, ದಾವಣಗೆರೆ
ಮಂಗಳವಾರ, ಮಧ್ಯಾಹ್ನದ ಚಹಾ ಆದ ಮೇಲೆ

ಹರಿಹರದಲ್ಲಿ ಪ್ರಾಣಿಗಳ ಕ್ಲಿನಿಕ್ ನಡೆಸುತ್ತಿರುವ ಡಾಕ್ಟರ್ ಆಶಾರಾಣಿ ಅವರ ಸನ್ನಿಧಿಗೆ, ಒಂದು ಬಹಿರಂಗ ಪತ್ರ

ಆದ್ದರಿಂದ, ಮಾನ್ಯರೇ, ನಿನ್ನೆ ನಾನು ಹೇಳುತ್ತಿದ್ದ ಮಾತು ಅಲ್ಲಿಗೇ ಮುಗಿದಿರಲಿಲ್ಲ. ತಾವು ‘ನೆಕ್ಸ್ಟ್’ ಎಂದಿರಿ, ಯಾರದೋ ಆಡು ನನ್ನ ಪಂಚೆಯ ಅಂಚನ್ನು ಮೂಸುತ್ತ ಮುಂದೆ ಬಂತು, ನಾನು ಮೊಲದ ಬುಟ್ಟಿ ಎತ್ತಿಕೊಂಡು ಎದ್ದುಬಿಟ್ಟೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ತಮಗೂ, ತಮ್ಮ ಸಹಾಯಕರಿಗೂ, ತಾವು ಹಣೆಗೆ ಕಟ್ಟಿಕೊಳ್ಳುವ ಆ ಪುಟ್ಟ ದೀಪಕ್ಕೂ ನನ್ನ ಸವಿನಯ ನಮಸ್ಕಾರಗಳು ಸಲ್ಲಲಿ.

ಐ ಬೆಗ್ ಟು ಸ್ಟೇಟ್ ದಟ್ (ಕಾಲೇಜಿನ ಇಂಗ್ಲಿಷಿನಲ್ಲಿ ತುಕ್ಕು ಹಿಡಿಯದೆ ಉಳಿದಿರುವುದು ಈ ಐದೇ ಪದ) ನಮ್ಮ ಮೊಲ ಪುಟ್ಟಕ್ಕನ ಕೇಸ್ ಪೇಪರಿನ ನಾಲ್ಕನೇ ಸಾಲಿನಲ್ಲಿ ತಾವು ‘ಆಹಾರ: ಹಾಲಿನಲ್ಲಿ ನೆನೆಸಿದ ಮಂಡಕ್ಕಿ, ಮನೆಯಾಕೆ ಮಾಡಿಸಿದ ರೂಢಿ’ ಎಂದು ಬರೆದಿದ್ದೀರಿ. ಆ ಮನೆಯಾಕೆ ನನ್ನ ಹೆಂಡತಿ ಅನ್ನಪೂರ್ಣಮ್ಮ. ಆಕೆ ತೀರಿಕೊಂಡು ಎರಡು ವರ್ಷ ಎರಡು ತಿಂಗಳಾಯಿತು. ಆ ಒಂದು ಸಾಲನ್ನು ಹೊಡೆದುಹಾಕಬೇಕು ಎಂಬುದೇ ನನ್ನ ದೂರು. ಉಳಿದದ್ದೆಲ್ಲ ಅದರ ಸುತ್ತಮುತ್ತಲ ವಿವರ, ತಮಗೆ ಬಿಡುವಿದ್ದರೆ ಓದಬಹುದು, ಇಲ್ಲದಿದ್ದರೂ ಓದಬಹುದು.

ತಮ್ಮ ವಿದ್ಯೆಯ ಬಗ್ಗೆ ಎರಡು ಮಾತಿಲ್ಲ. ನಮ್ಮ ದಾವಣಗೆರೆಯಲ್ಲಿ ಮನುಷ್ಯರ ಹಲ್ಲು ನೋಡುವವರು ಎಷ್ಟು ಜನ ಇದ್ದಾರೆಂದರೆ ಸುಮ್ಮನೆ ಆಕಳಿಸಿದರೂ ಒಬ್ಬರು ಬಗ್ಗಿ ನೋಡಿ ಹೋಗುತ್ತಾರೆ. ಆದರೆ ಮೊಲದ ಬಾಯಿ ತೆರೆಸುವವರನ್ನು ಹುಡುಕಿಕೊಂಡು ಹರಿಹರದ ಬಸ್ಸನ್ನೇ ಹತ್ತಬೇಕು. ಅಷ್ಟು ದೂರ ಬಂದ ಮೇಲೆ ತಿಳಿದದ್ದೇನು? ಮೊಲಕ್ಕೆ ಬಾಯಿ ತುಂಬ ಇಪ್ಪತ್ತೆಂಟು ಹಲ್ಲುಗಳು, ಇಪ್ಪತ್ತೆಂಟೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ನನ್ನ ಬಾಯಲ್ಲಿ ಸ್ವಂತದ್ದೆಂದು ಉಳಿದಿರುವುದು ಆರು, ಅವೂ ರಜೆಯ ಮೇಲಿವೆ. ಹೀಗಿರುವಾಗ ಪುಟ್ಟಕ್ಕನ ಹಲ್ಲಿನಲ್ಲಿ ವಾರಕ್ಕಿಷ್ಟು ಎಂದು ಹೆಚ್ಚಾಗುವ ಭಾಗವನ್ನು ತೇದು ಗಾಳಿಗೆ ತೂರುವ ಬದಲು ನನ್ನ ವಸಡಿಗೆ ವರ್ಗಾಯಿಸಲು ಯಾವ ಕಾನೂನು ಅಡ್ಡಬರುತ್ತದೆಂದು ದಯವಿಟ್ಟು ಲಿಖಿತವಾಗಿ ತಿಳಿಸಬೇಕು.

ನಿನ್ನೆ ಒಳಕೋಣೆಯ ಟ್ಯೂಬ್‌ಲೈಟ್ ಕೆಟ್ಟದ್ದರಿಂದ ತಾವು ಹಾಲ್‌ನಲ್ಲಿಯೇ ಮೇಜು ಹಾಕಿಸಿಕೊಂಡಿದ್ದಿರಿ. ಹೀಗಾಗಿ ಎಲ್ಲರ ಮೊಲದ ಬಾಯಿಯನ್ನೂ ಎಲ್ಲರೂ ನೋಡುವ ಭಾಗ್ಯ ಒದಗಿತು. ಮೊದಲಿಗೆ ಅಬ್ರಾರ್ ಎಂಬ ಮೊಬೈಲ್ ಅಂಗಡಿಯವರ ಐದು ತಿಂಗಳ ಕುಳ್ಳಜಾತಿಯ ಮೊಲ, ಮುಷ್ಟಿಯಷ್ಟಿತ್ತು. ಅದರ ಮೇಲಿನ ಮುಂದಿನ ಹಲ್ಲು ಕೆಳಗಿನದರ ಮುಂದೆ ಬರುವ ಬದಲು ಹಿಂದೆ ಸರಿದು ಕೂತಿತ್ತು, ಕೆಳಗಿನದು ಆನೆಯ ದಂತದಂತೆ ಹೊರಗೆ ಹೊರಟಿತ್ತು. ಚೆಂದ ಕಾಣಲೆಂದು ಮುಖ ಚಿಕ್ಕದಾಗುವಂತೆ ತಳಿ ಮಾಡಿದ್ದಾರೆ, ದವಡೆ ಗಿಡ್ಡವಾಗಿದೆ, ಹಲ್ಲು ಮಾತ್ರ ಗಿಡ್ಡವಾಗಲು ಒಪ್ಪಿಲ್ಲ ಎಂದು ತಾವು ವಿವರಿಸಿದಿರಿ. ಅಬ್ರಾರ್ ಅದನ್ನು ಉಗುರು ಕತ್ತರಿಸುವ ಕಟ್ಟರ್‌ನಲ್ಲಿ ಕತ್ತರಿಸಿ ನೋಡಿದ್ದರಂತೆ. ತಾವು ‘ಕತ್ತರಿಸಿದ್ರೆ ಹಲ್ಲು ಬುಡತನಕ ಸೀಳ್ತೈತ್ರೀ’ ಎಂದು ಗದರಿದಾಗ ಆ ಮನುಷ್ಯ ‘ಮೇಡಂ, ಮೊಬೈಲ್ ಆಗಿದ್ರೆ ಡಿಸ್‌ಪ್ಲೇ ಬದಲಾಯಿಸಿ ಕೊಡ್ತಿದ್ದೆ, ಇದ್ರ ಸ್ಪೇರ್ ಎಲ್ಲಿ ಸಿಗ್ತೈತೆ?’ ಎಂದು ಕೇಳಿದ್ದು ತಮಗೆ ನಗೆ ತರಿಸಿತು, ನನಗೆ ಮಾತ್ರ ಬಹಳ ಗಂಭೀರವಾದ ಪ್ರಶ್ನೆ ಅನ್ನಿಸಿತು.

ಎರಡನೆಯದು ಕೆ.ಬಿ. ಬಡಾವಣೆಯ ಸುನೀತಾ ಅವರ ಜೋಲುಕಿವಿಯ ಮೊಲ, ಮೂರು ವರ್ಷದ್ದು. ಅದರ ಮುಂದಿನ ಹಲ್ಲು ನೆಟ್ಟಗಿದ್ದವು, ಆದರೆ ಎಡಗಣ್ಣಿನಲ್ಲಿ ಸದಾ ನೀರು. ಪಾಪ ಅವರು ಎರಡು ತಿಂಗಳು ಕಣ್ಣಿಗೆ ಹನಿ ಹಾಕಿದ್ದರು. ಹಲ್ಲಿನ ಬೇರು ಮೇಲಕ್ಕೆ ಬೆಳೆದು ಕಣ್ಣೀರಿನ ನಾಳವನ್ನು ಒತ್ತುತ್ತಿದೆ ಎಂದು ತಾವು ಹೇಳಿದಾಗ ಇಡೀ ಹಾಲ್ ತನ್ನ ತನ್ನ ಕಣ್ಣು ಮುಟ್ಟಿಕೊಂಡಿತು. ದುಃಖ ಒಂದು ಕಡೆ, ನೀರು ಇನ್ನೊಂದು ಕಡೆ. ಇಂಥ ಸಂಗತಿಯನ್ನು ಮೊಲಕ್ಕಷ್ಟೇ ಹೇಳಿ ಬಿಡುವುದು ನ್ಯಾಯವಲ್ಲ.

ಮೂರನೆಯದು ನಮ್ಮದು. ಪುಟ್ಟಕ್ಕ, ಬಿಳಿ ಬಣ್ಣ, ಕೆಂಪು ಕಣ್ಣು, ದೊಡ್ಡ ಜಾತಿ, ವಯಸ್ಸು ಏಳು, ಮೊಲಗಳ ಲೆಕ್ಕದಲ್ಲಿ ನನ್ನ ಓರಗೆ. ಒಂದು ವಾರದಿಂದ ಗಲ್ಲ ಒದ್ದೆ, ಬಟ್ಟಲಿನ ಹತ್ತಿರ ಓಡಿ ಬರುವುದು, ಬಾಯಿ ಹಾಕುವುದು, ಕೆಳಗೆ ಬೀಳಿಸುವುದು, ನನ್ನ ಮುಖ ನೋಡುವುದು. ಮುಂದಿನ ಹಲ್ಲು ಕನ್ನಡಿಯ ಹಾಗಿವೆ, ಇದಕ್ಕೇನು ರೋಗ ಎಂದು ನಾನು ಧೈರ್ಯವಾಗಿದ್ದೆ. ತಾವು ದೀಪ ಹಚ್ಚಿ, ಕೊಳವೆಯಂಥ ಸಾಧನ ತೂರಿಸಿ, ಕೆನ್ನೆಯೊಳಗಿನ ದವಡೆಹಲ್ಲು ತೋರಿಸಿದಿರಿ. ಕೆಳಗಿನ ದವಡೆಹಲ್ಲಿನ ಒಳ ಅಂಚು ಮುಳ್ಳಿನಂತೆ ಬೆಳೆದು ನಾಲಿಗೆಗೆ ಚುಚ್ಚಿ ಹುಣ್ಣು ಮಾಡಿತ್ತು. ನಾನು ಮೂವತ್ತೊಂದು ವರ್ಷ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ನಿಂತವನು. ಎರಡು ಮುಖಗಳು ಒಂದರ ಮೇಲೊಂದು ಸಮನಾಗಿ ತೇಯದಿದ್ದರೆ ಅಂಚಿನಲ್ಲಿ ಹೀಗೆ ಮುಳ್ಳೇಳುತ್ತದೆಂದು ಎಷ್ಟು ಹೊಸಬರಿಗೆ ಪಾಠ ಹೇಳಿದ್ದೇನೋ. ಮನೆಯೊಳಗೇ, ನನ್ನ ಕಾಲ ಬುಡದಲ್ಲೇ ಅದು ಎದ್ದದ್ದು ಕಾಣಲಿಲ್ಲ. ಇದನ್ನು ನನ್ನ ಹಳೆಯ ಸೂಪರ್‌ವೈಸರ್‌ಗೆ ತಿಳಿಸಬಾರದಾಗಿ ವಿನಂತಿ.

ಆಗ ತಾವು ಕೇಳಿದಿರಿ: ‘ಅಜ್ಜಾರೇ, ಇದು ಹುಲ್ಲು ತಿಂದ ಬಾಯಲ್ಲ. ಏನು ತಿನ್ನಿಸ್ತೀರಿ ಇದಕ್ಕೆ?’

ಇಲ್ಲಿಂದ ಮುಂದಿನದನ್ನು ಬರೆಯಲೆಂದೇ ಇಷ್ಟು ಕಾಗದ ಖರ್ಚು ಮಾಡಿದ್ದೇನೆ, ಸ್ವಲ್ಪ ನಿಧಾನವಾಗಿ ಓದಬೇಕು. ತಮ್ಮ ಲೇಖನಿ ತಾನಾಗಿ ಆ ನಾಲ್ಕನೇ ಸಾಲನ್ನು ಬರೆಯಲಿಲ್ಲ. ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡು, ‘ನಮ್ಮನೆಯವ್ರು ಇದ್ದಾಗ ಮಂಡಕ್ಕಿ ರೂಢಿ ಮಾಡಿಬಿಟ್ರು ನೋಡ್ರಿ, ಈಗ ಬಿಡವಲ್ದು’ ಎಂದು ಹೇಳಿದ. ತಾವು ಬರೆದುಕೊಂಡಿರಿ. ಹಾಲ್‌ನಲ್ಲಿದ್ದವರೆಲ್ಲ ಅಯ್ಯೋ ಎಂದರು. ಸುನೀತಾ ಅವರು ನನ್ನ ಮೇಲೆ ಕನಿಕರಪಟ್ಟು, ‘ಪ್ರೀತಿಯಿಂದ ಹಾಕಿರ್ತಾರೆ ಬಿಡ್ರಿ ಪಾಪ, ಅವ್ರಿಗೇನು ಗೊತ್ತಿರ್ತೈತೆ’ ಎಂದು ಸಮಾಧಾನ ಹೇಳಿದರು. ಆ ಮನುಷ್ಯ ತಲೆಯಾಡಿಸಿದ. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ ಅಂಥವನನ್ನು ‘ದಿ ಅಂಡರ್‌ಸೈನ್ಡ್’ ಎನ್ನುತ್ತಾರೆ, ಕೆಳಗೆ ಸಹಿ ಮಾಡುವವನು ಎಂದರ್ಥ. ಕೆಳಗೆ ಅವನದೇ ಸಹಿ ಇದೆ.

ಮಾನ್ಯರೇ, ಅವಳಿಗೆ ಎಲ್ಲ ಗೊತ್ತಿತ್ತು. ಮೊಲದ ಪುಸ್ತಕ ಓದಿದವಳಲ್ಲ. ಕಾರ್ಖಾನೆಯ ಗೆಳೆಯರೊಬ್ಬರು ಮರಿ ಕೊಟ್ಟ ದಿನದಿಂದ ಬೆಳಗ್ಗೆ ಶಾಮನೂರಿನ ಕಡೆ ಗದ್ದೆಗೆ ನೀರು ಹಾಯಿಸುವ ಚಾನೆಲ್‌ನ ದಂಡೆಗೆ ಹೋಗಿ, ಗದ್ದೆಯ ಬದುವಿನ ಗರಿಕೆ ಕೊಯ್ದು, ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದಳು. ಔಷಧಿ ಹೊಡೆದ ಗದ್ದೆಯ ಹುಲ್ಲನ್ನು ಮೂಸಿಯೇ ಬಿಟ್ಟು ಮುಂದೆ ಹೋಗುತ್ತಿದ್ದಳು. ನಾನು ಒಂದು ಬಿಸ್ಕತ್ತು ಮುರಿದು ಮೊಲಕ್ಕೆ ಕೊಟ್ಟ ದಿನ, ‘ಅದ್ರ ಹಲ್ಲಿಗೆ ಕೆಲ್ಸ ಬ್ಯಾಡೇನು? ನಿಮ್ಮಂಗೆ ರಿಟೈರ್ ಮಾಡ್ಸ್ತೀರೇನು ಅದನ್ನೂ?’ ಎಂದು ಬಿಸ್ಕತ್ತು ಕಿತ್ತುಕೊಂಡು ತಾನೇ ತಿಂದಳು. ತಾವು ನಿನ್ನೆ ಅರ್ಧ ಗಂಟೆ ವಿವರಿಸಿದ್ದನ್ನು ಆಕೆ ಒಂದೇ ಉಸಿರಿನಲ್ಲಿ ಮುಗಿಸಿದ್ದಳು. ಇದು ತಮ್ಮ ಪದವಿಗೆ ಮಾಡುವ ಅವಮಾನವಲ್ಲ, ದಯವಿಟ್ಟು ಹಾಗೆ ತಿಳಿಯಬಾರದು, ತಿಳಿದರೂ ಪರವಾಗಿಲ್ಲ.

ಮಂಡಕ್ಕಿ ಶುರುವಾದದ್ದು ಆಕೆ ಹೋದ ಮೇಲೆ. ದಂಡೆಯ ಮೇಲೆ ಹುಲ್ಲು ಕೊಯ್ಯುವ ಹೆಂಗಸರಿಗೆಲ್ಲ ಅವಳ ಪರಿಚಯ. ನಾನು ಕುಡುಗೋಲು ಹಿಡಿದು ಹೋದರೆ ‘ಅಕ್ಕಾರು ಎಲ್ಲಿ?’ ಎಂದು ಕೇಳುತ್ತಾರೆ, ಗೊತ್ತಿಲ್ಲದವರು. ಗೊತ್ತಿರುವವರು ಸುಮ್ಮನೆ ನೋಡುತ್ತಾರೆ. ಅದಕ್ಕಿಂತ ಮೂಲೆಯಂಗಡಿಯ ಮಂಡಕ್ಕಿ ಸುಲಭವೆನಿಸಿತು. ನನ್ನ ಹಲ್ಲಿನ ಸೆಟ್ಟು ಒತ್ತುವುದರಿಂದ ಹಾಲಿನಲ್ಲಿ ನೆನೆಸಿದೆ, ಪುಟ್ಟಕ್ಕ ಬಂದು ಕಾಲಿಗೆ ಮೂಗು ಉಜ್ಜಿದಳು, ಇನ್ನೊಂದು ಬಟ್ಟಲು ಇಟ್ಟೆ. ಎರಡು ವರ್ಷ ಸಂಜೆ ಹೊತ್ತು ಇಬ್ಬರೂ ಒಂದೇ ಊಟ ಉಂಡೆವು. ಆ ಹೊತ್ತು ಮನೆಯಲ್ಲಿ ಇನ್ನೊಂದು ಬಾಯಿ ತಿನ್ನುವ ಸದ್ದು ಇರುತ್ತಿತ್ತು, ಅಷ್ಟೇ ನನ್ನ ಸ್ವಾರ್ಥ. ಮೆತ್ತಗಿನ ಮಂಡಕ್ಕಿಗೆ ಅದರ ದವಡೆ ಅಡ್ಡಡ್ಡ ತೇಯುವುದನ್ನೇ ಬಿಟ್ಟಿತು, ಮುಳ್ಳೆದ್ದಿತು. ಇದು ಸರ್ಕಮ್‌ಸ್ಟಾನ್ಷಿಯಲ್ ಎವಿಡೆನ್ಸ್, ಅಂದರೆ ಸಂದರ್ಭ ನೋಡಿ ಊಹಿಸಿದ ಸಾಕ್ಷ್ಯ, ಅಲ್ಲ, ಪೂರ್ತಿ ತಪ್ಪೊಪ್ಪಿಗೆ.

ಇದನ್ನು ಒಪ್ಪಿಸಿದ ಕೀರ್ತಿ ಪಕ್ಕದ ಮನೆಯ ದುರುಗವ್ವನದು. ನಿನ್ನೆ ಬುಟ್ಟಿ ಹಿಡಿದು ನನ್ನ ಜೊತೆ ಬಂದಿದ್ದಾಕೆ ಅವಳೇ, ತಾವು ನೋಡಿದ್ದೀರಿ. ಹರಿಹರದಿಂದ ದಾವಣಗೆರೆಯವರೆಗೆ ಬಸ್ಸಿನಲ್ಲಿ ಬುಟ್ಟಿಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಬಂದಳು. ಮನೆ ಬಾಗಿಲಲ್ಲಿ ಬುಟ್ಟಿ ಇಳಿಸಿ, ‘ಸತ್ತೋರ ಮ್ಯಾಲೆ ಹಾಕಿದ್ರಲ್ರೀ ಯಜಮಾನ್ರೇ. ಅವ್ರು ಎದ್ದು ಬಂದು ಕೇಳಂಗಿಲ್ಲ ಅಂತನಾ?’ ಎಂದು ಕೇಳಿ ಹೋದಳು. ರಾತ್ರಿಯೆಲ್ಲ ಉತ್ತರ ಹುಡುಕಿದೆ. ಸಿಗಲಿಲ್ಲವಾದ್ದರಿಂದ ತಮಗೆ ದೂರು ಬರೆಯಲು ಕೂತೆ. ನಮ್ಮಲ್ಲಿ ಅದೇ ಪದ್ಧತಿ.

ಈಗ ನನ್ನ ಬೇಡಿಕೆಗಳು. ಒಂದು, ನಾಲ್ಕನೇ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಮನೆಯಾಕೆ ಹುಲ್ಲನ್ನೇ ಹಾಕುತ್ತಿದ್ದರು, ಗಂಡ ಕೆಡಿಸಿದ’ ಎಂದು ಬರೆಯಬೇಕು. ಹಾಗೆಯೇ ಈ ಪತ್ರವನ್ನು ತಮ್ಮ ಹಾಲ್‌ನ ಗೋಡೆಗೆ ಅಂಟಿಸಬೇಕು, ಏಕೆಂದರೆ ಸುಳ್ಳು ಹೇಳಿದ್ದು ಹಾಲ್‌ನಲ್ಲಿ, ಒಂದು ಆಡನ್ನೂ ಸೇರಿಸಿ ಎಂಟು ಜನರ ಮುಂದೆ. ಸುನೀತಾ ಅವರು ತಿರುಗಿ ಬಂದಾಗ ಖುದ್ದಾಗಿ ಓದಿಸಬೇಕು. ಸಾಧ್ಯವಾದರೆ ಕೇಸ್ ಪೇಪರಿನಲ್ಲಿ ಪ್ರಾಣಿಯ ಬಾಯಿಗೆ ಬಿಟ್ಟಷ್ಟೇ ಜಾಗವನ್ನು ಸಾಕಿದವರ ಬಾಯಿಗೂ ಬಿಡಬೇಕು, ಹಣೆಯ ದೀಪವನ್ನು ಅಲ್ಲಿಗೂ ಒಮ್ಮೆ ತೋರಿಸಬೇಕು. ಕುಳ್ಳ ಮೊಲಗಳಿಗೆ ದೊಡ್ಡ ದವಡೆ ಮಂಜೂರು ಮಾಡುವ ವಿಷಯವನ್ನು ಸೃಷ್ಟಿಕರ್ತರ ಗಮನಕ್ಕೆ ತರುವುದು ತಮಗೆ ಬಿಟ್ಟದ್ದು.

ಪುಟ್ಟಕ್ಕನ ವರ್ತಮಾನ: ತಾವು ಮುಳ್ಳು ತೇದು ಕಳಿಸಿದ ಮೇಲೆ, ಹೇಳಿದಂತೆಯೇ ತಾವು ಕೊಟ್ಟ ಪುಡಿಯ ಗಂಜಿಯನ್ನು ಸಿರಿಂಜಿನಲ್ಲಿ ಹಾಕುತ್ತಿದ್ದೇನೆ. ಹೊತ್ತು ಹೊತ್ತಿಗೆ ನೋವಿನ ಔಷಧಿಯೂ ಆಗಿದೆ. ಮಂಗಳವಾರ, ಅಂದರೆ ಇವತ್ತು, ಸಂಜೆಯೊಳಗೆ ತಾನಾಗಿ ಹುಲ್ಲು ತಿಂದು ಹಿಕ್ಕೆ ಹಾಕದಿದ್ದರೆ, ಕ್ಲಿನಿಕ್ ಮುಚ್ಚುವ ಮೊದಲು ಎತ್ತಿಕೊಂಡು ಓಡಿ ಬನ್ನಿ, ಮೊಲದ ಕರುಳಿನ ಕೆಲಸ ನಿಂತರೆ ಕಷ್ಟ ಎಂದಿದ್ದಿರಿ. ಈ ಪತ್ರದ ಮೊದಲ ಸಾಲಿನಿಂದ ಇಲ್ಲಿಯವರೆಗೆ ನನ್ನ ಒಂದು ಕಣ್ಣು ಕಾಗದದ ಮೇಲೆ, ಒಂದು ಕಣ್ಣು ಬುಟ್ಟಿಯ ಮೇಲೆ ಇತ್ತು, ಅಕ್ಷರ ಸೊಟ್ಟಗಿರುವುದಕ್ಕೆ ಅದೇ ಕಾರಣ. ದುರುಗವ್ವ ಒಂದು ಹಿಡಿ ಗರಿಕೆ ಎಸೆದು ಹೋಗಿದ್ದಳು, ನನ್ನ ಕೈಗೆ ಕೊಡದೆ, ಬುಟ್ಟಿಗೆ. ಗಂಟೆಗಟ್ಟಲೆ ಅದರ ಕಡೆ ನೋಡಲೂ ಇಲ್ಲ ಪುಟ್ಟಕ್ಕ.

ಮೇಲಿನ ಸಾಲು ಬರೆದು, ಇಂಕಿನ ಬಾಟಲಿ ಮುಚ್ಚಿ, ಒಂದಿಷ್ಟು ಹೊತ್ತು ಕೂತಲ್ಲೇ ತೂಕಡಿಸುವಷ್ಟರಲ್ಲಿ ದುರುಗವ್ವ ಒಳಗೆ ಬಂದು ಬುಟ್ಟಿಗೆ ಬಗ್ಗಿ, ಬೀದಿಗೆಲ್ಲ ಕೇಳುವಂತೆ ‘ಹಿಕ್ಕಿ ಹಾಕೈತ್ರೀ ಯಜಮಾನ್ರೇ! ಮೂರು ಬಿದ್ದಾವೆ ನೋಡ್ರಿ, ಮೆಣಸಿನಕಾಳಿದ್ದಂಗೆ!’ ಎಂದು ಕೂಗಿದಳು. ನೋಡಿದರೆ ಗರಿಕೆಯೂ ಇಲ್ಲ, ಒಂದು ಕಡ್ಡಿ ಮಾತ್ರ ಬಾಯಿಂದ ಹೊರಗೆ ಇಣುಕಿ ದವಡೆಯ ಜೊತೆ ಅಡ್ಡಡ್ಡ ಓಡಾಡುತ್ತ ಗಿಡ್ಡವಾಗುತ್ತಿತ್ತು. ನಾನು ಏನು ಬರೆಯುತ್ತಿದ್ದೇನೆಂದು ದುರುಗವ್ವ ಕೇಳಿದಳು, ಹೇಳಿದೆ. ‘ಬರ್ದಿದ್ದು ಸಾಕು, ಬುಟ್ಟಿ ಖಾಲಿ ಐತೆ’ ಎಂದಳು.

ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ಕತ್ತಲಾದರೆ ಬದುವಿನ ಮೇಲೆ ಗರಿಕೆ ಯಾವುದು, ಭತ್ತ ಯಾವುದು ನನ್ನ ಕಣ್ಣಿಗೆ ತಿಳಿಯದು. ದಂಡೆಯ ಹೆಂಗಸರು ಇನ್ನೂ ಇರುತ್ತಾರೆ. ಕೇಳಲಿ, ಹೇಳುತ್ತೇನೆ. ಕುಡುಗೋಲನ್ನು ಅನ್ನಪೂರ್ಣಮ್ಮ ಎಲ್ಲಿಟ್ಟಿದ್ದಾಳೋ ಹುಡುಕಬೇಕು, ಹೊರಡುತ್ತೇನೆ.

ತಮ್ಮ ವಿಶ್ವಾಸಿ, ಈವರೆಗೆ ಅದಕ್ಕೆ ಅರ್ಹನಾಗಿರದಿದ್ದರೂ,
ಮಾಲತೇಶಪ್ಪ
(ದಿ ಅಂಡರ್‌ಸೈನ್ಡ್)

ವಿ.ಸೂ.: ತಮ್ಮ ಕ್ಲಿನಿಕ್ಕಿನ ಬೋರ್ಡಿನ ಮೇಲೆ ಒಂದು ಮೊಲ ತನ್ನಷ್ಟೇ ಉದ್ದದ ಕ್ಯಾರೆಟ್ ಹಿಡಿದು ಹಲ್ಲು ಕಿರಿಯುತ್ತ ನಿಂತಿದೆ. ಒಳಗೆ ತಾವು ಕ್ಯಾರೆಟ್ಟು ಸಿಹಿ, ಹಲ್ಲಿಗೆ ಕೆಟ್ಟದ್ದು, ಬೆರಳಿನ ತುದಿಗಿಂತ ಹೆಚ್ಚು ಕೊಡಬೇಡಿ ಎನ್ನುತ್ತೀರಿ. ಅದನ್ನು ಸಾಕಿದವರು ಯಾರೆಂದು ವಿಚಾರಿಸಿ, ಅವರಿಗೂ ಒಂದು ಟೋಕನ್ ಕೊಟ್ಟು ಒಳಗೆ ಕರೆಯಬೇಕಾಗಿ ಕೋರಿಕೆ.