ಬೆಂಕಿ ಗುಡ್ಡಕ್ಕೊಂದು ತೆಂಗಿನಕಾಯಿ

ಕೆಲವರನ್ನು ಕಷ್ಟ ಹುಡುಕಿಕೊಂಡು ಬರುತ್ತದೆ, ಕೆಲವರನ್ನು ಅದೃಷ್ಟ. ನನ್ನನ್ನು ಮಾತ್ರ ನಗೆಪಾಟಲು ಹುಡುಕಿಕೊಂಡು ಬರುತ್ತದೆ. ಮೂವತ್ತು ವರ್ಷ ಸರಕಾರಿ ಶಾಲೆಗಳಲ್ಲಿ ಸಮಾಜ ವಿಜ್ಞಾನ ಹೇಳಿ, ಹೋದ ವರ್ಷ ನಿವೃತ್ತಳಾದೆ. ಇನ್ನು ಮನೆಯಲ್ಲಿ ತೆಪ್ಪಗೆ ಕೂತರೆ ಇಂಥವು ನಿಲ್ಲುತ್ತವೆ ಅಂದುಕೊಂಡಿದ್ದೆ. ಕೂರಲಾಗಲಿಲ್ಲ. ಜ್ವಾಲಾಮುಖಿ ನೋಡಲು ಹೋಗುತ್ತೇನೆ ಅಂದೆ. ಅಂದದ್ದಷ್ಟೇ, ಇನ್ನೂ ಸೇಡಂ ಬಿಟ್ಟು ಹೊರಟಿಲ್ಲ, ಆಗಲೇ ಇಷ್ಟೆಲ್ಲ ಆಗಿಹೋಗಿದೆ.

ಯಾವ ಕಂಪನಿ

ಇದಕ್ಕೆಲ್ಲ ಮೂಲ ಸೇಡಂ ಹತ್ತಿರದ ಆಡಕಿ ಊರಿನ ಶಾಲೆಯ ಎಂಟನೇ ತರಗತಿ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಕೊನೆಯ ಸಲ ಜ್ವಾಲಾಮುಖಿಯ ಪಾಠ ಮಾಡಿದೆ. ಪ್ರತಿ ವರ್ಷ ಬರೆಯುವ ಚಿತ್ರವನ್ನೇ ಬೋರ್ಡಿನ ಮೇಲೆ ಬರೆದೆ. ಒಂದು ಗುಡ್ಡ, ನಡುವೆ ಉದ್ದಕ್ಕೆ ಕೊಳವೆ, ತುದಿಯಲ್ಲಿ ಬಾಯಿ, ಬಾಯಿಂದ ದಟ್ಟ ಹೊಗೆ. ಈ ಚಿತ್ರದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. "ಇದು ಏನು, ಯಾರು ಹೇಳ್ತೀರಿ?" ಅಂದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಿಮೆಂಟ್ ಫ್ಯಾಕ್ಟರಿ ಅದರಿ ಟೀಚರ್. ಆದ್ರ ಯಾವ ಕಂಪನೀದು ಅಂತ ಗೊತ್ತಾಗವಲ್ದು."

ಸೇಡಂ, ವಾಡಿ ಸುತ್ತ ಬೆಳೆದ ಮಕ್ಕಳು. ನೆತ್ತಿಯಿಂದ ಹೊಗೆ ಬಿಡುವ ಎತ್ತರದ ವಸ್ತು ಅಂದರೆ ಅವರು ಕಂಡದ್ದು ಫ್ಯಾಕ್ಟರಿಯ ಚಿಮಣಿ ಒಂದೇ. ಬೈಯುವಂತಿಲ್ಲ. ಇದು ಚಿಮಣಿ ಅಲ್ಲ, ಭೂಮಿಯ ಒಳಗೆ ಕಲ್ಲೇ ಕರಗಿ ಕುದಿದು ಮೇಲೆ ಬರುತ್ತದೆ ಅಂತ ಪೂರ್ತಿ ವಿವರಿಸಿದೆ. ಅವಳು ಗಲ್ಲಕ್ಕೆ ಕೈಯಿಟ್ಟು ಎಲ್ಲವನ್ನೂ ಕೇಳಿ, "ನೀವು ನೋಡೀರೇನ್ರಿ?" ಅಂದಳು. ಇಲ್ಲ ಅಂದೆ.

"ಮತ್ತ ನೋಡಿದಂಗ ಹೇಳಾಕತ್ತೀರಲ್ರಿ?"

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಆ ಮಾತು ನನ್ನ ಹಿಂದೆಯೇ ಮನೆಗೆ ಬಂತು. ಇಷ್ಟು ವರ್ಷ ಕಾಣದ ಬೆಂಕಿಯನ್ನು ಕೆಂಪು ಚಾಕ್‌ಪೀಸಿನಲ್ಲಿ ಬರೆದು, ಅದನ್ನೇ ತಿರುಗಿ ಬರೆದವರಿಗೆ ಮಾರ್ಕ್ಸ್ ಕೊಟ್ಟಿದ್ದೇನೆ. ಒಂದು ಸಲವಾದರೂ ನಿಜವನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಬೀಳ್ಕೊಡುಗೆಯ ದಿನ ಆ ಹುಡುಗಿಯನ್ನು ಕರೆದು, "ನೋಡಿ ಬಂದು ನಿನ್ನ ಮುಂದ ಹೇಳ್ತೀನಿ" ಅಂದುಬಿಟ್ಟೆ.

ಅವಳು ನನ್ನ ನೆರೆತ ಕೂದಲು ನೋಡಿ ಮರುಕಪಟ್ಟಳು. "ಆಗಲಿಲ್ಲಂದ್ರ ಇರಲಿ ಬಿಡ್ರಿ ಟೀಚರ್. ವಾಡಿಗೆ ಹೋಗಿ ಚಿಮಣಿನೇ ನೋಡಿ ಬರ್ರಿ."

ಪಾಸ್ ಎಲ್ಲಿ ತನಕ

ನನ್ನ ಯಜಮಾನರು ರೈಲ್ವೆ ಗಾರ್ಡ್ ಆಗಿದ್ದು ವಾಡಿಯಲ್ಲಿ ನಿವೃತ್ತರಾದವರು. ಪ್ರಪಂಚದ ನಡುಮಧ್ಯೆ ಇರುವುದು ವಾಡಿ ಜಂಕ್ಷನ್ ಅಂತಲೇ ಅವರ ನಂಬಿಕೆ. ಅವರ ಮುಂದೆ ನಕ್ಷೆ ಬಿಚ್ಚಿಟ್ಟು ತೋರಿಸಿದೆ. ಹೈದರಾಬಾದಿನಿಂದ ವಿಮಾನ ಹತ್ತಿ ಜಾವಾ ದ್ವೀಪಕ್ಕೆ ಹೋಗುವುದು. ಅಲ್ಲಿ ಇಳಿದ ಮೇಲೆ ಒಂದು ವಾರ ಸಣ್ಣ ಬಸ್ಸಿನಲ್ಲಿ ರಸ್ತೆ ಪ್ರಯಾಣ. ದಾರಿಯುದ್ದಕ್ಕೂ ಇನ್ನೂ ಜೀವ ಇರುವ ಜ್ವಾಲಾಮುಖಿಗಳು.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ವಿಮಾನ ಯಾಕ ಬೇಕು? ನನ್ನ ರೈಲ್ವೆ ಪಾಸ್ ಅದ ಅಲ್ಲೇನು? ವಾಡಿಯಿಂದ ಮದ್ರಾಸ್ ತನಕ ಗಾಡಿಯಾಗ ಹೋಗೋಣು. ನಾ ಬಿಟ್ಟು ಬರ್ತೀನಿ."

"ಮುಂದ ಸಮುದ್ರ ಅದರಿ."

"ಎಷ್ಟದ?"

ನಕ್ಷೆಯ ಮೇಲೆ ಗೇಣು ಹಾಕಿ ತೋರಿಸಿದೆ. ಅವರು ಗಂಭೀರವಾಗಿ ಯೋಚಿಸಿ, "ಪಾಸ್ ಮದ್ರಾಸ್ ತನಕ ನಡೀತದ. ಮುಂದಿಂದು ನೀ ನೋಡ್ಕೋ" ಅಂದರು.

ಅದನ್ನೇ ಒಪ್ಪಿಗೆ ಅಂತ ತಿಳಿದು ನಕ್ಷೆ ಮಡಚಿದೆ. ಅಷ್ಟರಲ್ಲಿ ಮೆಲ್ಲಗೆ, "ಅವ್ವ ಹೂಂ ಅನಬೇಕು ಮತ್ತ" ಅಂತ ಸೇರಿಸಿದರು. ಜೀವಮಾನವೆಲ್ಲ ಗಾಡಿಗಳಿಗೆ ಹಸಿರು ಬಾವುಟ ತೋರಿಸಿದ ಗಾರ್ಡ್. ಮನೆಯ ಬಾವುಟ ಮಾತ್ರ ಇವತ್ತಿಗೂ ಅವರ ಅವ್ವನ ಕೈಯಲ್ಲಿದೆ.

ಒಂದು ಕಾಯಿ ಸಾಲದು

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ತವರು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆ. ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಪಡಸಾಲೆಯಲ್ಲಿ ಮಾವನವರ ಫೋಟೋ ಇದೆ. ಅವರು ತೀರಿಕೊಂಡು ಬಹಳ ವರ್ಷವಾದರೂ ಮೀಸೆ ಇನ್ನೂ ಯಾರನ್ನೋ ಬೈಯುತ್ತಿರುವಂತೆ ಕಾಣುತ್ತದೆ. ಆ ಫೋಟೋದ ಕೆಳಗೇ ತಾಯಿ ಮಗ ಇಬ್ಬರೂ ಊಟಕ್ಕೆ ಕೂತಿದ್ದಾಗ ರೊಟ್ಟಿ ಬಡಿಸುತ್ತ ವಿಷಯ ತೆಗೆದೆ. "ಅತ್ತಿ, ಜ್ವಾಲಾಮುಖಿ ನೋಡಿ ಬರಬೇಕಂತ ಮಾಡೀನ್ರಿ. ಭಾಳ ದೂರ ಅದ."

ಅತ್ತೆ ತಟ್ಟೆ ಸರಿಸಿದರು. ಇನ್ನೇನು ತೆಲುಗು ಬರುತ್ತದೆ ಅಂದುಕೊಂಡೆ. ಅವರು ಕಣ್ಣು ಮುಚ್ಚಿ ಕೈ ಮುಗಿದರು. "ದೇವಿ ಕರದಾಳಂದ್ರ ಹೋಗಬೇಕವ್ವಾ. ಬ್ಯಾಡ ಅನ್ನಾಕ ನಾವ್ಯಾರು?" ಯಜಮಾನರು ತಲೆ ತಗ್ಗಿಸಿ ಊಟ ಮುಂದುವರಿಸಿದರು.

ಉತ್ತರದ ಕಡೆ ಎಲ್ಲೋ ಆ ಹೆಸರಿನ ದೇವಿಯ ಗುಡಿ ಇದೆ ಅಂತ ನಮ್ಮ ಕಡೆಯವರಿಗೆ ಅರೆಬರೆ ಗೊತ್ತು. ತಿದ್ದಬೇಕೆಂದು ಬಾಯಿ ತೆರೆದೆ. ಆಮೇಲೆ ಅದೇ ಬಾಯಿಗೆ ಒಂದು ತುತ್ತು ರೊಟ್ಟಿ ಇಟ್ಟುಕೊಂಡೆ.

ಮರುದಿನ ಓಣಿಗೆ ಓಣಿಯೇ ಬಂತು. ಒಬ್ಬರು ತೆಂಗಿನಕಾಯಿ ತಂದರು, ಒಬ್ಬರು ಖಣ, ಇನ್ನೊಬ್ಬರು ಹಸಿರು ಬಳೆ. "ನಮ್ಮ ಹೆಸರಿನ್ಯಾಗ ದೇವಿಗೆ ಉಡಿ ತುಂಬಿ ಬರ್ರಿ" ಅಂತ ಎಲ್ಲರದೂ ಒಂದೇ ಮಾತು. ಎದುರು ಮನೆಯಾಕೆಗಾದರೂ ನಿಜ ಹೇಳೋಣ ಅಂತ ಒಳಗೆ ಕರೆದು ಕೂರಿಸಿದೆ. "ಅಕ್ಕಾ, ಅದು ದೇವಿ ಅಲ್ಲರಿ, ಗುಡ್ಡ. ಅದರ ಹೊಟ್ಟಿಯಾಗ ಕಲ್ಲು ಕರಗಿ ಕುದೀತದ. ಒಮ್ಮೊಮ್ಮೆ ಸಿಡಿದು ಊರಿಗೆ ಊರೇ ಸುಟ್ಟು ಹೋಗ್ತದ."

ಆಕೆ ಗಲ್ಲ ಗಲ್ಲ ಬಡಿದುಕೊಂಡು ಎದ್ದು ಹೋದಳು. ಸದ್ಯ, ಒಬ್ಬರಿಗಾದರೂ ಪಾಠ ಹತ್ತಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೂ ಎರಡು ಕಾಯಿ ಹಿಡಿದುಕೊಂಡು ವಾಪಸ್ ಬಂದಳು. "ಇಷ್ಟು ಉಗ್ರ ಅದಾಳಂತ ಗೊತ್ತಿರಲಿಲ್ಲವ್ವಾ. ಒಂದು ಕಾಯಿ ಸಾಲಂಗಿಲ್ಲ."

ದರ್ಶನದ ಗ್ಯಾರಂಟಿ

ನನ್ನ ಜೊತೆ ಬರುವಾಕೆ ಚಿತ್ತಾಪುರದ ಗೆಳತಿ, ನಿವೃತ್ತ ನರ್ಸ್. ಬೌದ್ಧರ ಮನೆಯ ಹೆಣ್ಣು. ದೇವರು ದಿಂಡರು ಅಂದರೆ ಅವಳಿಗೆ ಆಗದು. ಜಾವಾದಲ್ಲಿ ಬೆಂಕಿ ಗುಡ್ಡಕ್ಕೆ ಹತ್ತಿರದಲ್ಲೇ ಬುದ್ಧನ ಬಹು ದೊಡ್ಡ ಸ್ತೂಪ ಇದೆ ಅಂತ ಹೇಳಿದ ಕೂಡಲೇ ಚೀಲ ಕಟ್ಟಿದಳು. ಅವಳ ಲೆಕ್ಕದಲ್ಲಿ ಇದು ಬುದ್ಧನ ದರ್ಶನ, ದಾರಿಯಲ್ಲಿ ಒಂದೆರಡು ಗುಡ್ಡ. ನನ್ನ ಲೆಕ್ಕದಲ್ಲಿ ಇದು ಗುಡ್ಡಗಳ ಪ್ರವಾಸ, ದಾರಿಯಲ್ಲಿ ಒಂದು ಸ್ತೂಪ. ಎಲ್ಲಿ ಎಷ್ಟು ದಿನ ಅಂತ ಜಗಳ ಇನ್ನೂ ಮುಗಿದಿಲ್ಲ.

ಇಬ್ಬರೂ ಶಹಾಬಾದಿನ ಒಬ್ಬ ಟ್ರಾವೆಲ್ ಏಜೆಂಟರ ಬಳಿ ಹೋದೆವು. ತಿರುಪತಿಗೆ, ಶಿರಡಿಗೆ, ಹಜ್‌ಗೆ ಮಂದಿಯನ್ನು ಕಳಿಸಿ ಪಳಗಿದ ಮನುಷ್ಯ. "ಬರ್ರಿ ಮೇಡಂ, ಕುಂದ್ರಿ. ಯಾವ ದೇವರು?" ಅಂದರು. ಜ್ವಾಲಾಮುಖಿ ಅಂದೆವು. ಹೊರಗೆ ನೆಲದ ಫರಸಿ ಕಲ್ಲಿನ ಮೇಲೆ ರೊಟ್ಟಿ ಬೇಯುವಷ್ಟು ಬಿಸಿಲಿತ್ತು. ಅವರು ಬಾಗಿಲ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿದರು. "ಶಹಾಬಾದಿನ್ಯಾಗ ಇದ್ದು ಬೆಂಕಿ ನೋಡಾಕ ರೊಕ್ಕ ಕೊಡೋರು ನೀವೇ ಮೊದಲ್ರಿ."

ಆದರೂ ಕಸುಬುದಾರರು. ಮೊಬೈಲಿನಲ್ಲಿ ಹುಡುಕಿ ಒಂದು ಫೋಟೋ ತೋರಿಸಿದರು. ಜಾವಾದ ಒಂದು ಜ್ವಾಲಾಮುಖಿ, ಅದರ ಬಾಯಿಯ ಅಂಚಿನಲ್ಲೇ ಗಣಪತಿಯ ಮೂರ್ತಿ. ಅಲ್ಲಿಯ ಜನ ಗುಡ್ಡದ ಬಾಯಿಗೆ ಹೂವು, ಕಾಯಿಪಲ್ಲೆ, ಕೋಳಿ ಹಾಕಿ ಕೈ ಮುಗಿಯುತ್ತಾರಂತೆ. ನನ್ನ ವಿಜ್ಞಾನಕ್ಕೆ ಸ್ವಲ್ಪ ಮುಖಭಂಗವಾಯಿತು. "ಇದನ್ನ ನಮ್ಮ ಓಣಿಯಾಗ ಯಾರಿಗೂ ತೋರಿಸಬ್ಯಾಡ" ಅಂತ ಗೆಳತಿಗೆ ಪಿಸುಗುಟ್ಟಿದೆ.

ಏಜೆಂಟರು ಕರಾರುಗಳನ್ನು ಹೇಳತೊಡಗಿದರು. ಟಿಕೆಟ್ ಹಿಡಿಯಬೇಕಾದರೆ ಶುಕ್ರವಾರದೊಳಗೆ ಪಕ್ಕಾ ಮಾಡಬೇಕು. "ಇನ್ನೊಂದು ಮಾತು. ನೀವು ಹೋದಾಗ ಗುಡ್ಡ ತಣ್ಣಗಿದ್ದು ಏನೂ ಉಗುಳಲಿಲ್ಲಂದ್ರ ರೊಕ್ಕ ವಾಪಸ್ ಇಲ್ರಿ."

ಗೆಳತಿ ಕೇಳಿದಳು. "ಜೋರಾಗಿ ಉಗುಳಿದ್ರ?"

"ಜೋರಾಗಿ ಉಗುಳಿದ್ರ ರೊಕ್ಕ ಕೇಳಾಕ ನೀವೆಲ್ಲಿ ಬರ್ತೀರಿ ಮೇಡಂ."

ಗುಡ್ಡ ಏರುವ ಅಭ್ಯಾಸ

ಸೇಡಂ, ಚಿತ್ತಾಪುರದ ಚಪ್ಪಟೆ ನೆಲದಲ್ಲಿ ನಡೆದ ಮೊಣಕಾಲು ಜ್ವಾಲಾಮುಖಿಯ ನೆತ್ತಿಗೆ ಏರಲಾರದು, ಮೊದಲು ಅಭ್ಯಾಸ ಬೇಕು ಅಂತ ನರ್ಸಮ್ಮನ ಅಪ್ಪಣೆಯಾಯಿತು. ಬೆಳಗಿನ ಬಸ್ಸಿಗೆ ಚಿಂಚೋಳಿಯ ಕಾಡಿನ ಗುಡ್ಡಕ್ಕೆ ಹೋದೆವು. ಸೀರೆಯ ಕೆಳಗೆ ಓಟಗಾರರ ಬೂಟು. ಅರಣ್ಯದ ವಾಚರ್ ತಡೆದು, ಎಲ್ಲಿಗೆ ಹೊಂಟೀರಿ ಅಂತ ಕೇಳಿದ. "ಜ್ವಾಲಾಮುಖಿಗೆ ಪ್ರಾಕ್ಟೀಸ್ ಮಾಡಾಕತ್ತೀವಿ" ಅಂದೆ. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಕಡ್ಡಿಪೆಟ್ಟಿಗಿ ಇದ್ರ ಇಲ್ಲೇ ಇಟ್ಟು ಹೋಗ್ರಿ" ಅಂದ.

ಅರ್ಧ ಏರುವಷ್ಟರಲ್ಲಿ ಉಸಿರು ಕಟ್ಟಿ ಒಂದು ಬಂಡೆಯ ಮೇಲೆ ಕೂತೆವು. "ನಿಮ್ಮ ಅತ್ತಿ ಮುಂದ ಖರೇ ಹೇಳಿದ್ಯೇನು?" ಅಂತ ಗೆಳತಿ ಕೇಳಿದಳು. ಇಲ್ಲ ಅಂದೆ. "ಲಗೂ ಹೇಳು. ನಿಮ್ಮ ದೇವಿ ಸುದ್ದಿ ನಮ್ಮ ತವರಿಗೂ ಮುಟ್ಟ್ಯದ. ದಂಡೋತಿಯಿಂದ ನಮ್ಮಣ್ಣ ಫೋನ್ ಮಾಡಿ, 'ಈ ವಯಸ್ಸಿನ್ಯಾಗ ಧರ್ಮ ಬಿಟ್ಟಿಯೇನು' ಅಂತ ಬೈಯಾಕತ್ತಾನ."

ನಗು ಬಂತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಕೆಲವು ದಿನಗಳಿಂದ ನನಗೆ ಸಮಾಧಾನವಿರಲಿಲ್ಲ. ಕಾಣದ್ದನ್ನು ಕಂಡಂತೆ ಹೇಳಿದ್ದಕ್ಕೆ ಒಂದು ಮಗು ನನ್ನನ್ನು ಹಿಡಿದು ನಿಲ್ಲಿಸಿತ್ತು. ಈಗ ಅದನ್ನು ಕಾಣುವುದಕ್ಕೇ ಸುಳ್ಳು ಹೇಳಿ ಹೋಗುವುದೇ? ನಿಜ ಹೇಳಿದರೆ ಅತ್ತೆ ಬೇಡ ಅನ್ನಬಹುದು. ಅವರು ಬೇಡ ಅಂದರೆ ಈ ಜನ್ಮದಲ್ಲಿ ಮತ್ತೆ ಇಂಥ ಅವಕಾಶ ಬಾರದು. ಎರಡೂ ಗೊತ್ತಿತ್ತು. ಗುರುವಾರ ಹೇಳಿಯೇ ಬಿಡುತ್ತೇನೆ ಅಂದೆ.

ಮಾತು ಬದಲಿಸಲು ಕಾಲ ಬಳಿಯ ಒಂದು ಕಪ್ಪು ಕಲ್ಲು ಎತ್ತಿ ಅವಳ ಕೈಗಿಟ್ಟೆ. "ಇದು ಏನಂತ ತಿಳಕೊಂಡಿ? ಲಾವಾ. ಕೋಟಿಗಟ್ಟಲೆ ವರ್ಷದ ಹಿಂದ ಬೆಂಕಿ ಇಲ್ಲಿ ತನಕ ಹರಿದು ಬಂದು ಆರಿ ಕಲ್ಲಾಗ್ಯದ. ನಮ್ಮ ಹೊಲದ ಕಪ್ಪು ಎರಿ ಮಣ್ಣೂ ಇದರದೇ." ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆಂದಿತು. ನಾವು ಉಣ್ಣುವ ಜೋಳವೆಲ್ಲ ಆರಿದ ಬೆಂಕಿಯ ಮೇಲೆ ಬೆಳೆದದ್ದು.

ಗೆಳತಿ ಕಲ್ಲನ್ನು ಕೈಯಲ್ಲಿ ತೂಗಿ ನೋಡಿದಳು. ಮೊಣಕಾಲು ನೀವಿಕೊಂಡಳು. "ಹಂಗಾದ್ರ ನೋಡಿದಂಗಾತಲ್ಲ. ನಡಿ, ಮನಿಗೆ ಹೋಗೋಣು."

ಅತ್ತೆಯ ಬಾವುಟ

ಗುರುವಾರ ಸಂಜೆ ಅತ್ತೆ ಪಡಸಾಲೆಯಲ್ಲಿ ಕೂತು ಮೆಂತ್ಯೆ ಪಲ್ಲೆ ಸೋಸುತ್ತಿದ್ದರು. ಮೂಲೆಯಲ್ಲಿ ಓಣಿಯವರ ಕಾಯಿಗಳ ರಾಶಿ. ನಾನು ಎದುರಿಗೆ ಕೂತೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿದವಳು, ಮಾತು ಶುರು ಮಾಡುವ ಮೊದಲು ಒಂದು ಹಿಡಿ ಪಲ್ಲೆ ಸೋಸಿಕೊಟ್ಟೆ.

"ಅತ್ತಿ, ನಾ ಹೊಂಟಿದ್ದು ದೇವಿ ಗುಡಿಗಲ್ಲರಿ. ಅದು ಬರೇ ಗುಡ್ಡ. ಬೆಂಕಿ ಉಗುಳ್ತದ. ಹೋಗಿ ಬಂದ್ರ ಪುಣ್ಯ ಏನೂ ಬರಂಗಿಲ್ಲ." ಆಡಕಿಯ ಹುಡುಗಿ ಕೇಳಿದ ಪ್ರಶ್ನೆಯನ್ನೂ ಹೇಳಿದೆ. "ನೀವು ಈಗ ಬ್ಯಾಡ ಅಂದ್ರ ನಾ ಹೋಗಂಗಿಲ್ಲ."

ಅವರ ಕೈ ನಿಲ್ಲಲಿಲ್ಲ. "ಗೊತ್ತದ" ಅಂದರು.

"ಏನು ಗೊತ್ತದರಿ?"

"ಬೆಂಕಿ ಗುಡ್ಡ. ಟಿವಿಯಾಗ ನೋಡೀನಿ, ಕೆಂಪಗ ಹರೀತದ. ನೀ ಮೊಬೈಲ್ದಾಗ ದಿನಾ ಅದನ್ನೇ ನೋಡ್ತಿ. ನನಗ ಕಣ್ಣಿಲ್ಲೇನು?"

"ಮತ್ತ ಅವತ್ತು ಕೈ ಮುಗಿದ್ರಿ?"

"ಬೆಂಕಿ ನೋಡಾಕ ಹೊಂಟಾಳ ಅಂದ್ರ ಮಂದಿ ಹುಚ್ಚಿ ಅಂತಾರ. ದೇವಿ ನೋಡಾಕ ಅಂದ್ರ ಕಾಯಿ ಕೊಡ್ತಾರ. ದೇವಿ ಹೆಸರು ಬಂದ ಮ್ಯಾಲ ಬ್ಯಾಡ ಅನ್ನೋ ಧೈರ್ಯ ನಿನ್ನ ಗಂಡಗೂ ಇಲ್ಲ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದೇವೆ. ಈ ಹಿರಿಯ ಜೀವ ನನ್ನ ಪಕ್ಷದಲ್ಲಿದೆ ಅಂತ ನನಗೆ ತಿಳಿದದ್ದು ಅವತ್ತು. ಮದುವೆಯಾಗಿ ಕುಂಚಾವರಂನಿಂದ ಸೇಡಂಗೆ ಬಂದ ದಾರಿ ಬಿಟ್ಟರೆ ಆಕೆ ಬೇರೆ ದಾರಿ ಕಂಡವರಲ್ಲ. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ.

"ಅಳಬ್ಯಾಡ. ಹೋಗಿ ಬಾ. ಆ ಹುಡುಗಿಗೆ ಏನು ಹೇಳ್ತಿ ನನಗೂ ಹೇಳು" ಅಂದರು.

ಕಣ್ಣೊರೆಸಿಕೊಂಡು ಮೂಲೆಯ ಕಡೆ ನೋಡಿದೆ. "ಈ ಕಾಯಿ ಎಲ್ಲಾ ವಾಪಸ್ ಕೊಡ್ಲೇನ್ರಿ?"

"ವಾಪಸ್ ಯಾಕ? ಚಟ್ನಿ ಮಾಡು. ಒಂದು ಮಾತ್ರ ಸಂಗಾಟ ಒಯ್ಯಿ."

"ದೇವಿ ಅಲ್ಲ ಅಂತ ಗೊತ್ತದ, ಮತ್ತ ಕಾಯಿ ಯಾಕ್ರಿ?"

ಅತ್ತೆ ತಲೆಯೆತ್ತಿ ಗೋಡೆಯ ಮೇಲಿನ ಮಾವನವರ ಮೀಸೆಯನ್ನು ಒಂದು ಸಲ ನೋಡಿದರು.

"ದೇವಿ ಅಲ್ಲಂದ್ರ ಏನಾತು? ಒಳಗೊಳಗ ಕುದ್ದು ಒಮ್ಮಿಗೇ ಉಗುಳೋರಿಗೆ ಮೊದಲೇ ಒಂದು ಕಾಯಿ ಒಡೀಬೇಕು, ಒಡದು ದೂರ ನಿಂದ್ರಬೇಕು. ನಿಮ್ಮ ಮಾವನ ಜೋಡಿ ನಾ ನಲವತ್ತು ವರ್ಷ ಬಾಳೇವು ಮಾಡಿದ್ದು ಹೆಂಗಂತ ತಿಳಕೊಂಡಿ?"