ಸುಬ್ಬಪ್ಪನ ಸದ್ದಿಲ್ಲದ ಸವಾರಿ

ಇನ್ನು ಮೇಲೆ ಯಾವ ನರಮನುಷ್ಯನ ಬೈಕಿನ ಹಿಂದೆಯೂ ಕೂರುವುದಿಲ್ಲವೆಂದು ಸುಬ್ಬಪ್ಪ ಘೋಷಿಸಿದ್ದು ಯುಗಾದಿಯ ಮರುದಿನ, ಮೂರನೇ ದೋಸೆ ಮುಗಿಸಿ ಕೈ ತೊಳೆಯುವ ಮೊದಲು. ದೊಡ್ಡ ಘೋಷಣೆಗಳನ್ನು ಹೊಟ್ಟೆ ತುಂಬಿದ ಮೇಲೆಯೇ ಮಾಡಬೇಕೆಂಬುದು ಅವನ ನಿಯಮ.

ಹೆಂಡತಿ ವನಜಮ್ಮ ಕಾವಲಿಯಿಂದ ಕಣ್ಣೆತ್ತಲಿಲ್ಲ. "ಹಂಗಾದ್ರೆ ಬಾಳಗಡಿಗೆ ನಡ್ಕೊಂಡು ಹೋಗ್ತೀರಾ?"

"ಎಲೆಕ್ಟ್ರಿಕ್ ಬೈಕ್ ತಗೋತೀನಿ."

"ಓಡ್ಸೋರು ಯಾರು?"

ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತ ಕೂತರೆ ಮನುಷ್ಯ ಮುಂದೆ ಬರುವುದಿಲ್ಲವೆಂದು ಸುಬ್ಬಪ್ಪ ಎದ್ದುಹೋದ.

ಬಾಳಗಡಿಯಲ್ಲಿ ಕಾಲೇಜಿನ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಹನ್ನೊಂದು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದುದು ಪಕ್ಕದ ಮನೆಯ ಮಂಜಪ್ಪನ ಬೈಕಿನ ಹಿಂದೆ. ಮಂಜಪ್ಪ ಪರೋಪಕಾರಿ, ತೊಂದರೆ ಅದೇ. ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆಲ್ಲ ಉಪಕಾರ ಮಾಡಿಕೊಂಡೇ ಹೋಗುತ್ತಾನೆ. ಒಬ್ಬರ ಗೊಬ್ಬರದ ಚೀಲ, ಇನ್ನೊಬ್ಬರ ಕೆಟ್ಟುಹೋದ ಮಿಕ್ಸಿ, ಒಮ್ಮೆ ಒಂದು ಜೀವಂತ ಹುಂಜ, ಎಲ್ಲವೂ ಸುಬ್ಬಪ್ಪನ ತೊಡೆಯ ಮೇಲೆ ಪ್ರಯಾಣ ಮಾಡಿವೆ. ಸ್ವಂತ ಗಾಡಿ ಓಡಿಸೋಣವೆಂದರೆ, ಹಿಂದೊಮ್ಮೆ ಸ್ಕೂಟರ್ ಕಲಿಯಲು ಹೋಗಿ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಗುದ್ದಿದ್ದ. ಓಡುವ ಬಸ್ಸಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಅದು ನಿಂತ ಬಸ್ಸು. ಅಂದಿನಿಂದ ಅವನು ಯಾವ ಗಾಡಿಯನ್ನೂ ದೊಡ್ಡ ರಸ್ತೆಗೆ ಇಳಿಸಕೂಡದೆಂದು ವನಜಮ್ಮನ ಆಜ್ಞೆಯಾಗಿತ್ತು.

ಆಜ್ಞೆಗೆ ಈಗ ಒಂದು ಸಂದು ಸಿಕ್ಕಿತ್ತು. ಕೊಪ್ಪದಿಂದ ಬಾಳಗಡಿ ಕಡೆಗೆ ರಸ್ತೆಯ ಅಂಚಿನಲ್ಲಿ ಹೊಸದಾಗಿ ಸೈಕಲ್ ಪಥ ಆಗಿತ್ತು. ಕೆಂಪು ಬಣ್ಣ, ಬಿಳಿ ಗೆರೆ, ನೂರು ಹೆಜ್ಜೆಗೊಂದು ಸೈಕಲ್ಲಿನ ಚಿತ್ರ. ಒಂದು ಏರು ಹತ್ತಿದರೆ ಇನ್ನೊಂದು ಏರು ಕಾದಿರುವ ಊರಿನಲ್ಲಿ ಸೈಕಲ್ ತುಳಿಯುವಷ್ಟು ಉತ್ಸಾಹ ಯಾರಿಗೂ ಇಲ್ಲದ್ದರಿಂದ ಅದು ಸೈಕಲ್ ಒಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ಉಪಯೋಗವಾಗುತ್ತಿತ್ತು. ಅಲ್ಲಿ ಗೂಡ್ಸ್ ಆಟೋಗಳು ನಿಲ್ಲುತ್ತಿದ್ದವು, ದನಗಳು ಮಲಗುತ್ತಿದ್ದವು. ಪಥದ ಪಕ್ಕದಲ್ಲೇ ಮನೆಯಿದ್ದ ಕಲ್ಲಮ್ಮ, ಇಷ್ಟು ಸಪಾಟಾದ ಜಾಗವನ್ನು ಸುಮ್ಮನೆ ಬಿಡುವುದುಂಟೇ ಎಂದು ಚಾಪೆ ಹಾಸಿ ಹಲಸಿನಕಾಯಿ ಹಪ್ಪಳ ಒಣಗಿಸುತ್ತಿದ್ದರು. ಬಿಸಿಲು ಬರುವ ಮೊದಲೇ ಹಾಸದಿದ್ದರೆ ಆಟೋದವರು ಜಾಗ ಹಿಡಿಯುತ್ತಾರೆಂದು ಬೆಳಗಾಗುತ್ತಲೇ ಹಾಸುತ್ತಿದ್ದರು. ಇನ್ನು ಬೆಳಿಗ್ಗೆ ಏಳರಿಂದ ಏಳೂವರೆಯವರೆಗೆ ಅದು ವಾಕಿಂಗಿನವರ ಸ್ವತ್ತು. ಅವರಲ್ಲಿ ಮುಖ್ಯರು ಮೂವರು: ವನಜಮ್ಮ, ಹಪ್ಪಳ ಹಾಸಿ ಬಂದ ಕಲ್ಲಮ್ಮ, ಮತ್ತು ಶೃಂಗೇರಿಯಿಂದ ಮದುವೆಯಾಗಿ ಬಂದ ಶಾರದಾಂಬ. ಶಾರದಾಂಬನವರ ಮಿಡಿ ಉಪ್ಪಿನಕಾಯಿ ಎಂದರೆ ಇಡೀ ಊರಿನ ಬಾಯಲ್ಲಿ ನೀರೂರುತ್ತಿತ್ತು.

ಗಾಡಿ ಬಂತು. ಅದಕ್ಕೆ ಪೆಡಲೂ ಇತ್ತು, ಬ್ಯಾಟರಿಯೂ ಇತ್ತು. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಸದ್ದಂತೂ ಇಲ್ಲವೇ ಇಲ್ಲ. ಮೊದಲ ದಿನ ಸುಬ್ಬಪ್ಪ ಹೆಲ್ಮೆಟ್ ಧರಿಸಿ, ವಾಕಿಂಗಿನ ಮೂವರ ಬೆನ್ನಿಗೆ ಬಂದು ಟ್ರಿಣ್ ಟ್ರಿಣ್ ಎಂದು ಬೆಲ್ ಬಾರಿಸಿದ. ಮೂವರೂ ಮೂರು ದಿಕ್ಕಿಗೆ ಹಾರಿದರು.

"ಕಿವಿ ಹತ್ರ ಬಂದು ಬೆಲ್ ಹೊಡೀತೀರಲ್ಲ, ಎದೆ ಒಡೆದು ಹೋಗಲ್ವಾ?" ಎಂದರು ಕಲ್ಲಮ್ಮ.

"ಇದು ಸೈಕಲ್ ಪಥ ಅಲ್ವಾ ಸುಬ್ಬಪ್ಪನೋರೆ? ನಿಮ್ಮದು ಬೈಕು," ಎಂದರು ಶಾರದಾಂಬ.

"ಪೆಡಲ್ ಇದೆ ನೋಡಿ."

"ನೀವು ತುಳಿದಿದ್ದು ನೋಡ್ಲಿಲ್ಲ."

"ಇದೆ ಅನ್ನೋದು ಮುಖ್ಯ," ಎಂದು ಸುಬ್ಬಪ್ಪ ಮುಂದೆ ಹೋದ. ಆದರೂ ಮಹಿಳೆಯರ ಮಾತಿಗೆ ಬೆಲೆ ಕೊಡುವ ಸಂಸ್ಕಾರವಂತನಾದ್ದರಿಂದ ಮರುದಿನದಿಂದ ಬೆಲ್ ಬಾರಿಸುವುದನ್ನು ಬಿಟ್ಟ. ಆಗಲೇ ಅವನಿಗೆ ಗಾಡಿಯ ನಿಜವಾದ ಮಹಿಮೆ ತಿಳಿದದ್ದು. ನಾಲ್ಕು ಅಡಿ ಹಿಂದೆ ನಡಿಗೆಯ ವೇಗದಲ್ಲಿ ಬರುತ್ತಿದ್ದರೂ ಮುಂದಿದ್ದ ಮೂವರಿಗೆ ಸುಳಿವೇ ಇರಲಿಲ್ಲ. ಕಲ್ಲಮ್ಮ ತಮ್ಮ ಸೊಸೆಯ ವಿಚಾರ ಹೇಳುತ್ತಿದ್ದರು. ಸುಬ್ಬಪ್ಪ ದಾಟಿ ಹೋಗಬೇಕೆಂದಿದ್ದ, ಆದರೆ ಸೊಸೆ ಮುಂದೇನು ಮಾಡಿದಳೆಂದು ತಿಳಿಯದೆ ದಾಟುವುದು ಹೇಗೆ?

ಅಂದಿನಿಂದ ಅದು ಸವಾರಿಯಾಗಿ ಉಳಿಯಲಿಲ್ಲ. ಬ್ಯಾಟರಿಗೆ ಬೆಳಗಿನ ಗಾಳಿ ಒಳ್ಳೆಯದೆಂದು ಹೆಂಡತಿಗೆ ಹೇಳಿದ. ಅವಳು ಹೊರಟ ಐದು ನಿಮಿಷಕ್ಕೆ ಇವನೂ ಹೊರಡುತ್ತಿದ್ದ. ಅವರು ಮೋರಿಯ ಹತ್ತಿರ ಹಿಂದಿರುಗುವುದಕ್ಕೆ ಸ್ವಲ್ಪ ಮೊದಲು ಗಾಡಿ ತಿರುಗಿಸಿ, ಮನೆ ಸೇರಿ, ಪೇಪರ್ ಹಿಡಿದು ಕೂತುಬಿಡುತ್ತಿದ್ದ. ಊರಿನಲ್ಲಿ ಯಾರ ಮನೆಯ ಫ್ರಿಜ್ ಹಾಳಾಗಿದೆ, ಯಾವ ವರನಿಗೆ ತಲೆಗೂದಲು ಸ್ವಂತದ್ದಲ್ಲ, ಎಲ್ಲವೂ ಅವನ ತಲೆಯಲ್ಲಿ ಶೇಖರಣೆಯಾಯಿತು. ಇಷ್ಟು ವರ್ಷ ಇಂಥ ಲೋಕಜ್ಞಾನವಿಲ್ಲದೆ ಹೇಗೆ ಬದುಕಿದೆನೆಂದು ಅವನಿಗೇ ಸೋಜಿಗ.

ತಿಂಗಳು ಕಳೆಯುವ ಹೊತ್ತಿಗೆ ಒಂದು ದಿನ ಕಲ್ಲಮ್ಮ ಬಂದಿರಲಿಲ್ಲ. ಶಾರದಾಂಬ ಆಚೀಚೆ ನೋಡಿದರು. ಆಚೀಚೆ ನೋಡಿದರೇ ಹೊರತು ಹಿಂದೆ ನೋಡಲಿಲ್ಲ.

"ಮೂರು ವರ್ಷ ಆಯ್ತು ವನಜಕ್ಕ, ನಾನು ಮಿಡಿ ಮುಟ್ಟಿಲ್ಲ. ಒಂದ್ವರ್ಷ ಇಡೀ ಭರಣಿ ಬೂಸ್ಟು ಬಂತು. ಆಮೇಲೆ ಧೈರ್ಯನೇ ಬರ್ಲಿಲ್ಲ. ಎನ್ನಾರ್ ಪುರದಲ್ಲಿ ಒಬ್ರು ಅಜ್ಜಿ ಇದಾರೆ, ಅವರ ಹತ್ರ ತರಿಸಿ ನಮ್ಮ ಭರಣಿಗೆ ತುಂಬ್ತೀನಿ. ನಮ್ಮನೆಯೋರಿಗೂ ಗೊತ್ತಿಲ್ಲ. ನಿಮ್ಮೊಬ್ಬರ ಹತ್ರನೇ ಹೇಳಿದ್ದು."

"ನನ್ನ ಹೊಟ್ಟೇಲೇ ಇರತ್ತೆ ಬಿಡಿ," ಎಂದಳು ವನಜಮ್ಮ.

ಅವಳ ಹೊಟ್ಟೆಯಲ್ಲಿ ಇದ್ದೇ ಇತ್ತು. ಸುಬ್ಬಪ್ಪನ ಹೊಟ್ಟೆಯಲ್ಲಿ ಅದು ಒಂಬತ್ತು ದಿನ ಇತ್ತು. ಹತ್ತನೇ ದಿನ ಶಾರದಾಂಬನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಲೆಯ ತುದಿಗೆ ಮಿಡಿ ಉಪ್ಪಿನಕಾಯಿ ಬಿತ್ತು. ಶಾರದಾಂಬನವರ ಗಂಡ ಗಣೇಶಮೂರ್ತಿಗಳು ಪಂಕ್ತಿಯ ನಡುವೆ ನಿಂತು, "ಇವಳ ಉಪ್ಪಿನಕಾಯಿ ಬೇಕು ಅಂತ ಶೃಂಗೇರಿಯಿಂದ ಫೋನ್ ಬರತ್ತೆ," ಎಂದರು. ಮಂಜಪ್ಪ ಚಪ್ಪರಿಸಿ, ಪಕ್ಕದಲ್ಲಿ ಕೂತ ಸುಬ್ಬಪ್ಪನಿಗೆ, "ಕೈಗುಣ ಅಂದ್ರೆ ಇದು ಮಾರಾಯ. ನಿಂಗೆ ಎಂತ ಗೊತ್ತಾಗತ್ತೆ ಇದ್ರದ್ದೆಲ್ಲ," ಎಂದ.

ನಿಂಗೆ ಎಂತ ಗೊತ್ತಾಗತ್ತೆ! ಊರಿನ ಸಮಸ್ತವನ್ನೂ ಅರಿತವನಿಗೆ ಈ ಮಾತೇ? ಸುಬ್ಬಪ್ಪನ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

"ಎಂತಾದ್ರೂ ಹೇಳು, ಎನ್ನಾರ್ ಪುರದ ಅಜ್ಜಿ ಕೈರುಚಿನೇ ಬೇರೆ."

ಸಾರು ಬಡಿಸುತ್ತಿದ್ದ ಶಾರದಾಂಬನವರ ಸೌಟು ನಿಂತಿತು. "ಯಾವ ಅಜ್ಜಿ?" ಎಂದರು ಗಣೇಶಮೂರ್ತಿಗಳು. ಶಾರದಾಂಬ ಸುಬ್ಬಪ್ಪನ ಕಡೆ ನೋಡಲೇ ಇಲ್ಲ. ಎದುರು ಪಂಕ್ತಿಯಲ್ಲಿ ಕೂತಿದ್ದ ವನಜಮ್ಮನನ್ನು ನೋಡಿದರು. ಕೈ ತೊಳೆಯುವಲ್ಲಿ ಅವಳ ಹತ್ತಿರ ಬಂದು, "ನಿಮ್ಮೊಬ್ಬರ ಹತ್ರ ಹೇಳಿದ್ದೆ ವನಜಕ್ಕ," ಎಂದಷ್ಟೇ ಹೇಳಿ ಒಳಗೆ ಹೋದರು.

ಮನೆಗೆ ಬಂದ ಮೇಲೆ ವಿಚಾರಣೆ ನಡೆಯಿತು.

"ನಿಮಗೆ ಯಾರು ಹೇಳಿದ್ದು?"

"ಅಂಗಡಿಗೆ ಬಂದೋರು ಯಾರೋ."

"ಎಂತಕ್ಕೆ ಬಂದೋರು?"

"ಜೆರಾಕ್ಸ್ ಮಾಡ್ಸಕ್ಕೆ."

"ಉಪ್ಪಿನಕಾಯಿನ ಜೆರಾಕ್ಸ್ ಮಾಡ್ಸಕ್ಕೆ ಬಂದಿದ್ರಾ?"

ಇಲ್ಲಿ ಸತ್ಯ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಪಥ ಹೋಗುತ್ತದೆ, ಪಥ ಹೋದರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಮತ್ತೆ ತೊಡೆಯ ಮೇಲೆ ಹುಂಜ. ಸುಬ್ಬಪ್ಪ ತಲೆನೋವೆಂದು ಹೇಳಿ ಮಲಗಿದ.

ಮರುದಿನ ಬೆಳಿಗ್ಗೆ ವನಜಮ್ಮ ಎಂದಿನಂತೆ ಶೂ ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಶಾರದಾಂಬ ಬಂದು ಕರೆಯಬೇಕಿತ್ತು, ಕರೆಯಲಿಲ್ಲ. ಏಳೂವರೆಗೆ ಶೂ ಬಿಚ್ಚಿ ಒಳಗೆ ಬಂದಳು. ಅದರ ಮರುದಿನವೂ ಹಾಗೆಯೇ. ಬೈದಿದ್ದರೆ ಸುಬ್ಬಪ್ಪನಿಗೆ ಸಲೀಸಾಗುತ್ತಿತ್ತು. ಬೈಗುಳ ತಿಂದು ಅರಗಿಸಿಕೊಂಡು ಅವನಿಗೆ ಮೂವತ್ತು ವರ್ಷದ ಅಭ್ಯಾಸ. ಇವಳು ಮಾತೇ ಆಡದೆ ಶೂ ಹಾಕುವುದು, ಬಿಚ್ಚುವುದು. ಆರನೇ ದಿನ ಶೂವನ್ನು ಒರೆಸಿ ಕಪಾಟಿನಲ್ಲಿಟ್ಟಳು. ಪೇಪರ್ ಮರೆಯಿಂದ ಅದನ್ನು ನೋಡಿದ ಸುಬ್ಬಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ಊರಿನಲ್ಲಿ ಬಾಯಿ ಭದ್ರವಾಗಿರುವ ಒಬ್ಬಳೇ ಒಬ್ಬ ಹೆಂಗಸಿಗೆ ಬಾಯಿಬಡುಕಿ ಎಂಬ ಹೆಸರು ಬಂದಿತ್ತು. ತಂದವನು ಕೂತು ಪೇಪರ್ ಓದುತ್ತಿದ್ದ.

ನಾಚಿಕೆಯಾದ ಗಂಡಸು ನೆಟ್ಟಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಸುಬ್ಬಪ್ಪ ಮೊದಲು ಪರಿಸ್ಥಿತಿಯ ಅಧ್ಯಯನ ಮಾಡೋಣವೆಂದುಕೊಂಡ. ಏಳನೇ ದಿನ ಗಾಡಿ ತೆಗೆದು ಶಾರದಾಂಬ ಮತ್ತು ಕಲ್ಲಮ್ಮನ ಹಿಂದೆ ಹೊರಟ.

"ಅವಳೇ ಹೇಳಿದ್ದು ಅಂತ ಹೆಂಗೆ ಹೇಳ್ತೀರಿ?" ಎನ್ನುತ್ತಿದ್ದರು ಕಲ್ಲಮ್ಮ.

"ಇನ್ಯಾರು ಕಲ್ಲಮ್ಮ? ಇಲ್ಲೇ, ಈ ಜಾಗದಲ್ಲೇ ಹೇಳಿದ್ದು. ಸುತ್ತ ಒಂದು ನಾಯಿನೂ ಇರ್ಲಿಲ್ಲ," ಎಂದರು ಶಾರದಾಂಬ. "ನಮ್ಮನೆಯೋರು ಮೂರು ದಿನ ಊಟಕ್ಕೆ ಉಪ್ಪಿನಕಾಯಿ ಹಾಕಿಸ್ಕೊಳ್ಲಿಲ್ಲ. ಅದೂ ಇರ್ಲಿ. ವನಜಕ್ಕನ ನಂಬಿದ್ದೆನಲ್ಲ, ಅದೇ ಬೇಜಾರು. ಇನ್ನು ಅವರ ಮನೆ ಮೆಟ್ಟಿಲು ಹತ್ತಲ್ಲ ನಾನು."

ಸುಬ್ಬಪ್ಪನಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಲೆಕ್ಕಾಚಾರವಿಲ್ಲದೆ ಒಂದು ಒಳ್ಳೆಯ ಕೆಲಸ ಮಾಡಿದ. ಇಬ್ಬರ ತಲೆಗಳ ನಡುವೆ ತನ್ನ ಹೆಲ್ಮೆಟ್ ಚಾಚಿ, ಗಟ್ಟಿಯಾಗಿ ಹೇಳಿದ:

"ಅವಳಲ್ಲ, ನಾನು."

ಒಳ್ಳೆಯ ಕೆಲಸವೇನೋ ಹೌದು. ಆದರೆ ಯಾರೂ ಇಲ್ಲದ ಪಥದಲ್ಲಿ, ಸದ್ದಿಲ್ಲದೆ, ಕಿವಿಯ ಬುಡದಲ್ಲಿ ಗಂಡು ದನಿಯೊಂದು ಹಾಗೆ ಹೇಳಿದರೆ ಎಂಥವರಿಗೂ ಜೀವ ಬಾಯಿಗೆ ಬರುತ್ತದೆ. ಕಲ್ಲಮ್ಮ ಕಿರುಚಿದರು. ಶಾರದಾಂಬ ಹಿಂದೆ ತಿರುಗಿಯೂ ನೋಡದೆ ಕೈಯಲ್ಲಿದ್ದ ಮಡಚಿದ ಕೊಡೆಯನ್ನು ಬೀಸಿದರು. ಕೊಡೆ ಹೆಲ್ಮೆಟ್ಟಿಗೆ ಬಿತ್ತು. ಸುಬ್ಬಪ್ಪ ಬ್ರೇಕ್ ಹಿಡಿಯುವ ಬದಲು ವೇಗದ ಹಿಡಿಯನ್ನು ತಿರುಗಿಸಿದ. ಗಾಡಿ ಇಬ್ಬರ ನಡುವೆ ನುಗ್ಗಿ ನೇರವಾಗಿ ಕಲ್ಲಮ್ಮನ ಮೊದಲ ಚಾಪೆ ಹತ್ತಿತು. ಅಲ್ಲಿಂದ ಎರಡನೆಯದು, ಮೂರನೆಯದು. ಆಗತಾನೇ ತಟ್ಟಿ ಹಾಕಿದ ಹಸಿ ಹಪ್ಪಳ. ಚಕ್ರಕ್ಕೆ ಅಂಟಿಕೊಂಡು ಚಕ್ರದ ಜೊತೆಗೇ ಸುತ್ತಿದವು. ನಾಲ್ಕನೇ ಚಾಪೆ ಗಾಡಿಯನ್ನೇ ಸುತ್ತಿಕೊಂಡಿತು. ಮೆರವಣಿಗೆ ಚರಂಡಿಯಲ್ಲಿ ಮುಗಿಯಿತು.

ಸುಬ್ಬಪ್ಪ ಎದ್ದು ಕೂತ. ಹೆಲ್ಮೆಟ್ಟಿನ ಗಾಜಿಗೊಂದು ಹಪ್ಪಳ ಅಂಟಿತ್ತು, ಅದರ ಹಿಂದಿನಿಂದಲೇ ತಪ್ಪೊಪ್ಪಿಕೊಂಡ. ಒಂದನ್ನೂ ಬಿಡದೆ ಹೇಳಿದ.

"ಯಾವಾಗಿಂದ ನಮ್ಮ ಹಿಂದೆ ಬರ್ತಿದೀರಿ?" ಎಂದರು ಶಾರದಾಂಬ.

"ಯುಗಾದಿ ಆದ್ಮೇಲಿಂದ."

ಯುಗಾದಿಯಿಂದ ಈಚೆಗೆ ತಾವು ಆಡಿದ್ದನ್ನೆಲ್ಲ ಇಬ್ಬರೂ ಮನಸ್ಸಿನಲ್ಲೇ ನೆನೆದುಕೊಂಡರು. ಮುಖದ ಬಣ್ಣ ಇಳಿಯಿತು.

"ನನ್ನ ಸೊಸೆ ವಿಚಾರ?" ಎಂದರು ಕಲ್ಲಮ್ಮ.

"ಅದು ಕೇಳ್ಸಿಲ್ಲ."

"ಯಾವುದು ಕೇಳ್ಸಿಲ್ಲ?"

"ಕುಕ್ಕರ್ ಎತ್ತಿ ಹಿತ್ಲಿಗೆ ಎಸೆದಿದ್ದು."

ಶಾರದಾಂಬ ಮುಂದೆ ಕೇಳಲು ನಿಲ್ಲಲಿಲ್ಲ. ಹತ್ತುವುದಿಲ್ಲವೆಂದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದರು. ಸುಬ್ಬಪ್ಪ ಗಾಡಿ ತಳ್ಳಿಕೊಂಡು ಮನೆ ಸೇರುವಷ್ಟರಲ್ಲಿ ಅವರು ವನಜಮ್ಮನ ಎರಡೂ ಕೈ ಹಿಡಿದುಕೊಂಡು ಕೂತಿದ್ದರು. ಇಬ್ಬರ ಕಣ್ಣಿನಲ್ಲೂ ನೀರು. ಅದನ್ನು ನೋಡಿ ಸುಬ್ಬಪ್ಪನಿಗೆ ಎದೆ ಹಗುರವಾಯಿತು. ಹಗುರವಾದದ್ದು ಅರ್ಧ ನಿಮಿಷ. ಅಷ್ಟರಲ್ಲಿ ಕಲ್ಲಮ್ಮ ಬಂದು ನಾಲ್ಕು ಚಾಪೆಯ ಕಥೆ ಹೇಳಿದರು.

ಕಾಫಿಯ ಜೊತೆಗೆ ನ್ಯಾಯತೀರ್ಮಾನವಾಯಿತು. ಮೂವರು ಕೂತರು, ಒಬ್ಬ ನಿಂತ. ನಾಳೆಯಿಂದ ಅವನು ಕಲ್ಲಮ್ಮನಿಗೆ ಹಲಸಿನಕಾಯಿ ಕೊಯ್ದು, ಸೊಳೆ ಬಿಡಿಸಿಕೊಡುವುದು, ನಾಲ್ಕು ಚಾಪೆ ತುಂಬುವವರೆಗೆ. ಇನ್ನು ಆ ಗಾಡಿ ಪಥದ ಮೇಲೆ ಬರಲೇಕೂಡದೆಂದರು ಶಾರದಾಂಬ. ಸುಬ್ಬಪ್ಪ ಹೆಂಡತಿಯ ಮುಖ ನೋಡಿದ.

"ಬರ್ಲಿ ಬಿಡಿ, ಅವರಿಗೂ ಬೇರೆ ದಾರಿ ಇಲ್ಲ," ಎಂದಳು ವನಜಮ್ಮ. "ಆದ್ರೆ ನಮ್ಮ ಹಿಂದೆ ಅಲ್ಲ. ಕಣ್ಣಿಗೆ ಕಾಣೋ ಹಂಗೆ ಮುಂದೆ ಹೋಗ್ಲಿ. ನಮ್ಮ ನಡಿಗೆ ಎಷ್ಟೋ ಅಷ್ಟೇ ಸ್ಪೀಡು."

ಮರುದಿನ ಏಳು ಗಂಟೆಗೆ ಪಥದ ಮೇಲೆ ಮೊದಲು ಸುಬ್ಬಪ್ಪ, ಅವನ ಹಿಂದೆ ಮೂವರು. ಅಷ್ಟು ನಿಧಾನಕ್ಕೆ ಗಾಡಿ ಓಡಿಸುವಾಗ ಹಿಂದೆ ತಿರುಗಿದರೆ ಚರಂಡಿಯೇ ಗತಿ. ಕಿವಿಯನ್ನೇ ಹಿಂದಕ್ಕೆ ಹೊರಳಿಸಲು ಎಷ್ಟು ಪ್ರಯತ್ನಿಸಿದರೂ ಪಿಸುಪಿಸು ಬಿಟ್ಟರೆ ಏನೂ ಕೇಳಿಸಲಿಲ್ಲ. ನಡುನಡುವೆ ಮೂವರೂ ಒಟ್ಟಿಗೆ ನಕ್ಕಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಬೈಕಿನಲ್ಲಿ ಎದುರಿನಿಂದ ಬಂದ ಮಂಜಪ್ಪ ಅವನನ್ನು ದಾಟಿ, ಆ ಮೂವರ ಹತ್ತಿರ ನಿಂತು, ಅದೇನನ್ನೋ ಕೇಳಿ, ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕು ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ಸುಬ್ಬಪ್ಪ ಅನ್ನ ಕಲಸುತ್ತ, ತನಗೇನೂ ಆಸಕ್ತಿಯಿಲ್ಲವೆಂಬ ದನಿಯಲ್ಲಿ ಕೇಳಿದ. "ಬೆಳಿಗ್ಗೆ ಹಿಂದೆ ಎಂತ ನಗ್ತಿದ್ರಿ? ನನ್ನ ವಿಚಾರನಾ?"

"ಯುಗಾದಿಯಿಂದ ಹಿಂದೇನೇ ಬಂದ್ರಲ್ಲ, ನನ್ನ ಬಾಯಲ್ಲಿ ನಿಮ್ಮ ವಿಚಾರ ಒಂದ್ಸಲನಾದ್ರೂ ಕೇಳ್ಸಿತ್ತಾ?"

ಸುಬ್ಬಪ್ಪ ಯೋಚಿಸಿದ. ಊರಿನ ಎಲ್ಲ ಗಂಡಸರ ವಿಚಾರವೂ ಬಂದಿತ್ತು. ಅವನದು ಒಂದು ದಿನವೂ ಬಂದಿರಲಿಲ್ಲ. ಅವನ ಮುಖ ಅರಳಿತು.

"ಇಲ್ಲ. ಒಂದ್ಸಲನೂ ಇಲ್ಲ."

"ಹೇಳೋ ಅಂಥದ್ದು ಎಂತದೂ ಇರ್ಲಿಲ್ಲ," ಎಂದು ವನಜಮ್ಮ ಅವನ ಎಲೆಗೆ ಮಜ್ಜಿಗೆ ಬಡಿಸಿದಳು. "ಈಗ ಇದೆ."