ನೀಲಿ ಬೆಳಕಿನಾಗ ಕಂಡವರು

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಡಿಸ್ಕು, ಪ್ಲೇಯರು ಮಾರುವುದು, ಕೆಟ್ಟರೆ ರಿಪೇರಿ ಮಾಡುವುದು, ಮದುವೆ ದಿನಗಳಲ್ಲಿ ವಿಡಿಯೊ ಶೂಟಿಂಗು. ಗದಗ ಜಿಲ್ಲೆಯಾದ ಮೇಲೆ ಊರಿಗೆ ಏನೇನೋ ಬಂತು, ಹತ್ತು-ಹನ್ನೆರಡು ವರ್ಷಕ್ಕೆ, ಡಿವಿಡಿಗಿಂತ ಸ್ವಚ್ಛ ಚಿತ್ರ ತೋರಿಸುವ ಬ್ಲೂ-ರೇ ಡಿಸ್ಕೂ ಬಂತು. ಅಂದಿನಿಂದ ಗಿರಾಕಿಗಳು "ಮಷೀನ್ ಕೆಟ್ಟೈತಿ" ಅನ್ನುವುದನ್ನು ಬಿಟ್ಟು, "ಮನ್ಯಾಗ ಏನೋ ಆಗಾಕತ್ತೈತಿ, ಒಂದೀಟು ಬಂದು ನೋಡ್ರಿ" ಎಂದು ಸಣ್ಣ ದನಿಯಲ್ಲಿ ಕರೆಯತೊಡಗಿದರು. ವಾರಕ್ಕೊಂದಾದರೂ ಇಂಥದ್ದು ತಪ್ಪುತ್ತಿರಲಿಲ್ಲ.

ಮಾರಿ ಯಾವ ಕಡಿ?

ನಮ್ಮ ಓಣಿಯ ಸೀರೆ ವ್ಯಾಪಾರಿ ಮುಂಬೈಯಿಂದ ಒಂದು ಬ್ಲೂ-ರೇ ಡಿಸ್ಕ್ ತಂದು ಮನೆಯ ಹಳೆ ಡಿವಿಡಿ ಪ್ಲೇಯರಿಗೆ ಹಾಕಿದ್ದರು. ಚಿತ್ರವಿಲ್ಲ. ಒಳಗೆ ಯಾರೋ ಉಗುರಿನಿಂದ ಕೆರೆದಂಥ ಸದ್ದು ಮಾತ್ರ. ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು.

"ಎರಡೂ ಡಿಸ್ಕಿನ ಅಳತಿ ಒಂದೇ. ಆದ್ರ ಇದರಾಗ ಬರದದ್ದು ಭಾಳ ಸಣ್ಣದು, ಒತ್ತೊತ್ತಾಗಿ ಇರತೈತಿ," ಎಂದು ತಿಳಿಸಿ ಹೇಳಿದೆ. "ಹಳೇ ಪ್ಲೇಯರಿನ ಕೆಂಪು ಬೆಳಕಿಗೆ ಅದನ್ನ ಓದಾಕ ಆಗೂದಿಲ್ಲ. ನೀಲಿ ಬೆಳಕು ಬೇಕು. ಹೊಸ ಪ್ಲೇಯರಿನ್ಯಾಗ ಹಳೇ ಡಿಸ್ಕೂ ನಡೀತಾವು. ಹಳೇದರಾಗ ಇದು ನಡಿಯೂದಿಲ್ಲ."

ವ್ಯಾಪಾರಿಯ ಹೆಂಡತಿ ಕೇಳಿದಳು, "ಹಂಗಾರ ಪಿಚ್ಚರಿನ ಮಂದಿ ಇದರಾಗ ಇದ್ದೇ ಅದಾರೇನ್ರಿ?"

"ಅದಾರ್ರಿ."

"ನಮ್ಮ ಮನ್ಯಾಗ ಅದಾರ, ನಮಗ ಕಾಣವಲ್ರು?"

"ಹಂಗೂ ಅನಬಹುದು," ಅಂದುಬಿಟ್ಟೆ. ಆಕೆಯ ಮುಖ ಬಿಳಿಚಿತು.

ಮರುದಿನ ಮುಂಜಾನೆ ವ್ಯಾಪಾರಿಯ ಫೋನು. "ಭಾಯಿ, ಹೊಸ ಪ್ಲೇಯರ್ ಬರೂತನಕ ಡಿಸ್ಕನ್ನ ಗ್ವಾಡಿ ಕಡೆ ಮಾರಿ ಮಾಡಿ ಇಡ್ರಿ ಅಂತಾಳ ನಮ್ಮಾಕಿ. ಅದರ ಮಾರಿ ಯಾವ ಕಡಿಗೈತಿ, ಹೇಳ್ರಿ."

ಮಧ್ಯಾಹ್ನದ ಟಿವಿ

ಲಕ್ಷ್ಮೇಶ್ವರದ ಮಾಸ್ತರರೊಬ್ಬರ ಮನೆಗೆ ಹೊಸ ಪ್ಲೇಯರ್ ಕೂಡಿಸಿ ಬಂದಿದ್ದೆ. ಎಂಟು ದಿನಕ್ಕೆ ಖಬರ ಬಂತು: ಊಟ ಆಗಿ ಎಲ್ಲರೂ ಅಡ್ಡಾದ ಹೊತ್ತಿಗೆ ಟಿವಿ ತಾನೇ ಹತ್ತುತ್ತದೆ, ಪ್ಲೇಯರಿನ ಬಾಯಿ ತಾನೇ ತೆರೆಯುತ್ತದೆ. ಹೋಗಿ ನೋಡಿದರೆ ಟಿವಿಗೆ ಆಗಲೇ ನಿಂಬೆಹಣ್ಣು ಕಟ್ಟಿದ್ದರು.

ನಾನೂ ಮಾಸ್ತರರೂ ಪಡಸಾಲೆಯಲ್ಲಿ ಕಾದು ಕೂತೆವು. ಅವರ ತಾಯಿ ಪಕ್ಕದ ಮಂಚದ ಮೇಲೆ ಮಲಗಿದ್ದರು. ಮನೆಯೆಲ್ಲ ಸ್ತಬ್ಧ. ಇದ್ದಕ್ಕಿದ್ದಂತೆ ಪ್ಲೇಯರಿನ ದೀಪ ಹತ್ತಿತು. ಹಿಂದೆಯೇ ಟಿವಿ ಹತ್ತಿತು. ಪ್ಲೇಯರು ಮೆಲ್ಲಗೆ ಬಾಯಿ ತೆರೆಯಿತು. ನಾನು ಮಾಸ್ತರರ ಕಡೆ ಸರಿದು ಕೂತೆ.

ಆಗ ಅಜ್ಜಿ ಮಗ್ಗಲು ಬದಲಿಸಿದರು. ಪ್ಲೇಯರು ಬಾಯಿ ಮುಚ್ಚಿತು.

ತಲೆದಿಂಬಿನ ಕೆಳಗೆ ಕೈ ಹಾಕಿದೆ. ರಿಮೋಟು! ಮೊಮ್ಮಕ್ಕಳು ದಿನವಿಡೀ ಪಿಚ್ಚರ್ ನೋಡುತ್ತವೆಂದು ಅಜ್ಜಿ ಬಚ್ಚಿಟ್ಟಿದ್ದರು; ಮಲಗಿದಾಗ ತಲೆಯ ಭಾರಕ್ಕೆ ಅದರ ಬಟನ್ ಒತ್ತುತ್ತಿತ್ತು. ಒಂದೇ ವೈರಿನಲ್ಲಿ ಜೋಡಿಸಿದ್ದರಿಂದ ಪ್ಲೇಯರ್ ಹತ್ತಿದರೆ ಟಿವಿಯೂ ಹತ್ತುತ್ತದೆ ಎಂದು ವಿವರಿಸಿದೆ. ಮನೆಮಂದಿಯೆಲ್ಲ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

"ಅದೇನೋ ಆತಪಾ," ಅಂದರು. "ನಿನ್ನೆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಆವಾಗ ಹತ್ತಿತ್ತಲ್ಲ, ಅದು ಹ್ಯಾಂಗ?"

ಒಳಗೆ ನನಗೆಂದು ಚಹಾ ಸೋಸುತ್ತಿದ್ದರು. ಅದಕ್ಕೂ ನಿಲ್ಲದೆ ನಾನು ಚೀಲ ಹಿಡಿದು ಆಗಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದೆ.

ದೆವ್ವದ ಚಪ್ಪಲಿ

ದೆವ್ವದ ಪಿಚ್ಚರು ಅಂದರೆ ಜೀವ ಬಿಡುವ ಶಿರಹಟ್ಟಿಯ ಗಿರಾಕಿಯೊಬ್ಬ, ಬ್ಲೂ-ರೇ ಒಯ್ದ ಮೂರನೇ ದಿನಕ್ಕೆ ವಾಪಸು ತಂದ. "ಹಳೇ ಡಿಸ್ಕೇ ಕೊಡ್ರಿ. ಇದರಾಗ ಎಲ್ಲಾ ಸಾಪ ಕಾಣತೈತಿ. ದೆವ್ವದ ಸೀರಿಗೆ ಪಿನ್ನು, ಕಾಲಾಗ ಹವಾಯಿ ಚಪ್ಪಲಿ. ನನ್ನ ಹೇಣ್ತಿ ಅಂಜೂದ ಬಿಟ್ಟು, ದೆವ್ವದ ಸೀರಿ ಅಂಚು ಚಂದ ಐತಿ, ಅಂಥಾದ ಕೊಡಸ್ರಿ ಅಂತ ಬೆನ್ನ ಹತ್ಯಾಳ!"

ಕಂಬದ ಹಿಂದೆ

ಮುಂಡರಗಿಯ ಕಾಳಿನ ವ್ಯಾಪಾರಿಯ ಮಗಳ ಮದುವೆಗೆ ನಾನೇ ಕ್ಯಾಮೆರಾ ಹಿಡಿದಿದ್ದೆ. ವ್ಯಾಪಾರಿಗೂ ಪಕ್ಕದ ಮನೆಯಲ್ಲಿದ್ದ ಅವರ ತಮ್ಮನಿಗೂ ನಡುಗೋಡೆಯ ಜಗಳ. "ನಿನ್ನ ಮಗಳ ಮದಿವಿಗೆ ಕಾಲ ಇಡಂಗಿಲ್ಲ," ಎಂದಿದ್ದ ತಮ್ಮ ಮದುವೆಯಲ್ಲಿ ಮನೆಯವರ್ಯಾರ ಕಣ್ಣಿಗೂ ಬೀಳಲಿಲ್ಲ. ಕೆಲ ತಿಂಗಳಿಗೆ ಎದೆನೋವು ಬಂದು ತೀರಿಹೋದ. ಅಣ್ಣ ತಮ್ಮ ಮಾತಾಡಿರಲೇ ಇಲ್ಲ.

ವರ್ಷದ ಮೇಲೆ ವ್ಯಾಪಾರಿ ದೊಡ್ಡ ಟಿವಿ, ಬ್ಲೂ-ರೇ ಪ್ಲೇಯರು ತಗೊಂಡರು. ಮದುವೆಯಾದಾಗ ಡಿವಿಡಿ ಮಾಡಿಕೊಟ್ಟಿದ್ದೆ; ಅದಕ್ಕಿಂತ ಸ್ವಚ್ಛವಾಗಿದ್ದ ಕ್ಯಾಮೆರಾದ ಮೂಲ ರೆಕಾರ್ಡಿಂಗ್ ನನ್ನ ಹತ್ತಿರವೇ ಇತ್ತು. ಅದನ್ನು ಬ್ಲೂ-ರೇಗೆ ಹಾಕಿ ಒಯ್ದೆ. ಮನೆಮಂದಿಯೆಲ್ಲ ನೋಡುತ್ತಾ ಕೂತಿದ್ದರು. ಊಟದ ಪಂಕ್ತಿ ಬಂತು. ವ್ಯಾಪಾರಿ ಎದ್ದು ನಿಂತುಬಿಟ್ಟರು.

"ನಿಂದ್ರಸ್ರಿ."

ನಿಲ್ಲಿಸಿದೆ. ಹಳೆ ಡಿವಿಡಿಯಲ್ಲಿ ಮಸುಕು ಕಲೆಯಾಗಿದ್ದ ಕಡೆ, ಕಂಬದ ಹಿಂದೆ, ಟವೆಲ್ ಸುತ್ತಿದ ತಲೆ. ತಮ್ಮ. ನೇರವಾಗಿ ನಮ್ಮನ್ನೇ ನೋಡುತ್ತಿದ್ದ.

"ಸತ್ತಮ್ಯಾಲ ಬಂದಾನ..." ಎಂದರು ಯಾರೋ.

"ಇದು ಮದಿವಿ ದಿನದ್ದರಿ. ಆವಾಗ ಅವರು ಇದ್ದರಲ್ರಿ," ಅಂದೆ.

ಪಕ್ಕದ ಮನೆಯಿಂದ ತಮ್ಮನ ಹೆಂಡತಿಯನ್ನು ಕರೆತಂದರು. ಆಕೆ ಟಿವಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. "ಅವತ್ತು ಯಳವತ್ತಿ ಊರಿಗೆ ಹೊಂಟೀನಿ ಅಂತ ಹೇಳಿ ಹ್ವಾದ್ರು. ಸಂಜೀಕ ಬಂದು, ಹೊಟ್ಟಿ ಸರಿ ಇಲ್ಲ, ಊಟ ಬ್ಯಾಡ ಅಂದ್ರು. ಅಣ್ಣನ ಮ್ಯಾಲಿನ ಸಂಕಟ ಅಂತ ನಾ ಒಳಗ ಕುಂತು ಅತ್ತೆ." ನನ್ನ ಕಡೆ ತಿರುಗಿದಳು. "ನಡಸ್ರಿ ಭಾಯಿ, ನೋಡೂಣು."

ನಡೆಸಿದೆ. ಮದುಮಗಳು ಹಾದುಹೋದಾಗ ಅವನು ಕಣ್ಣು ಒರೆಸಿಕೊಂಡ. ವ್ಯಾಪಾರಿ ಗೋಡೆ ಹಿಡಿದುಕೊಂಡು ಅಳತೊಡಗಿದರು. ಅಷ್ಟರಲ್ಲಿ ತೆರೆಯ ಮೇಲಿನ ತಮ್ಮ ಬಡಿಸುವವನನ್ನು ಕೈಸನ್ನೆ ಮಾಡಿ ಕರೆದು ತನ್ನ ಎಲೆಗೆ ಮತ್ತೊಂದು ಹೋಳಿಗೆ ಹಾಕಿಸಿಕೊಂಡ.

"ಅಯ್ಯ, ಇದು ಮೂರನೇ ಹೋಳಿಗಿ!" ಆಕೆ ಚೀರಿದಳು. "ಹೊಟ್ಟಿ ಸರಿ ಇಲ್ಲಂತ, ಹೊಟ್ಟಿ!"

ಎಲ್ಲರೂ ಅಳುತ್ತಲೇ ನಕ್ಕರು. ವ್ಯಾಪಾರಿ ಕಣ್ಣೊರೆಸಿಕೊಂಡು ನನ್ನ ಭುಜ ಹಿಡಿದರು.

"ಭಾಯಿ, ಒಂದೀಟು ಹಿಂದಕ್ಕ ಒಯ್ರಿ. ನನ್ನ ತಮ್ಮಗ ತುಪ್ಪ ಹಾಕ್ಯಾರೋ ಇಲ್ಲೋ ನೋಡಬೇಕು."